ಈರೇಶ ಮನೆ ದೊಡ್ಡದು ಮಾಡಿದ್ದು

ಎಲ್ಲಕ್ಕೂ ಮೂಲ ಎರಡನೆಯ ತೊಟ್ಟಿಲು.

ಅವಳಿ ಗಂಡುಕೂಸುಗಳು ಮೂರು ತಿಂಗಳು ಒಂದೇ ತೊಟ್ಟಿಲಲ್ಲಿ ಹೇಗೋ ಹೊಂದಿಕೊಂಡಿದ್ದವು. ನಾಲ್ಕನೆಯ ತಿಂಗಳಿಗೆ ಒಬ್ಬನ ಕಾಲು ಇನ್ನೊಬ್ಬನ ಬಾಯಿಗೆ ಹೋಗತೊಡಗಿತು. ಕಾಲಿನವನೂ ಅಳುತ್ತಿದ್ದ, ಬಾಯಿಯವನೂ ಅಳುತ್ತಿದ್ದ. ಇನ್ನೊಂದು ತೊಟ್ಟಿಲು ತರೋಣವೆಂದರೆ ಇಡಲು ಜಾಗವಿಲ್ಲ. ಹಳಿಯಾಳದ ಆ ಓಣಿಯಲ್ಲಿ ಟೇಲರ್ ಈರೇಶನದು ಎರಡೇ ಖೋಲಿಯ ಬಾಡಿಗೆ ಮನೆ. ಅವನು, ಹೆಂಡತಿ ಸುಮಿತಾ, ತಾಯಿ ಕಾಶೆವ್ವ, ಮೂರನೆಯ ಇಯತ್ತೆಯ ಮಗಳು ಐಶ್ವರ್ಯಾ, ಮೇಲೆ ಈ ಇಬ್ಬರು. ಹಾಸಿಗೆ ಹಾಸಿದರೆ ಮನೆ ಉಪ್ಪಿನಕಾಯಿ ಭರಣಿಯಂತೆ ಒತ್ತಿ ತುಂಬುತ್ತಿತ್ತು. ಯಾರಾದರೂ ಮಗ್ಗುಲು ಬದಲಿಸುವುದಿದ್ದರೆ ಎಲ್ಲರೂ ಮಾತಾಡಿಕೊಂಡು ಒಟ್ಟಿಗೇ ಬದಲಿಸಬೇಕು.

ದಾಂಡೇಲಿ ರಸ್ತೆಯ ಹೊಸ ಬಡಾವಣೆಯಲ್ಲಿ ನಿವೃತ್ತ ಮಾಸ್ತರ ಅಂದಾನೆಪ್ಪನವರ ನಾಲ್ಕು ಖೋಲಿಯ ಮನೆ ಖಾಲಿಯಾಗಿತ್ತು. ಸುಮಿತಾ ಅದನ್ನು ನೋಡಿ ಬಂದು ಎರಡು ದಿನ ಅದರ ಅಡುಗೆಮನೆಯ ಕಿಟಕಿಯ ಬಗ್ಗೆಯೇ ಮಾತಾಡಿದ್ದಳು. ಸೋಮವಾರ ಸಂಜೆ ಐದರೊಳಗೆ ಬರುತ್ತೀರೋ ಇಲ್ಲವೋ ಹೇಳಿಬಿಡಿ ಎಂದಿದ್ದರು ಮಾಸ್ತರರು.

ಈರೇಶನಿಗೆ ಮನೆ ಬಿಡಲು ಮನಸ್ಸಿರಲಿಲ್ಲ. ಅಂಗಿ ಬಿಗಿಯಾದರೆ ಹೊಸದು ಹೊಲಿಸುವುದೇಕೆ, ಒಳಗಿನ ಮಡಿಕೆ ಬಿಚ್ಚಿಕೊಂಡರಾಯಿತು ಎಂದು ಗಿರಾಕಿಗಳಿಗೆ ಬುದ್ಧಿ ಹೇಳುವ ವಿಚಿತ್ರ ಟೇಲರ್ ಅವನು. ಅವನ ಅಂಗಡಿ ಬೆಳೆಯದಿರುವುದಕ್ಕೆ ಅದೂ ಒಂದು ಕಾರಣ. ಭಾನುವಾರವಿಡೀ ಹೆಂಡತಿಗೂ ಅದನ್ನೇ ಹೇಳಿದ್ದ. "ಇಲ್ಲಿ ಸಾಲಿ ಹತ್ರ, ಬಸ್ ಸ್ಟ್ಯಾಂಡ್ ಹತ್ರ. ಕೂಸು ಅತ್ತರ ಎತ್ತಿಕೊಳ್ಳಾಕ ಬಾಜೂಕ ಗಂಗಿಬಾಯಿ ಅದಾರ. ಅಲ್ಲಿ ಯಾರದಾರ?" ಸುಮಿತಾ ಕೇಳಿ ಕೇಳಿ ಸುಮ್ಮನಾಗಿಬಿಟ್ಟಳು. ಹೆಂಡತಿ ಸುಮ್ಮನಾದಳೆಂದರೆ ಒಪ್ಪಿಲ್ಲವೆಂದೇ ಅರ್ಥ. ಒಂಬತ್ತು ವರ್ಷದ ಸಂಸಾರದಲ್ಲಿ ಈರೇಶ ಕಲಿತ ಪಾಠ ಅದೊಂದೇ.

ಸೋಮವಾರ ಅಂಗಡಿಗೆ ರಜೆ. ಐಶ್ವರ್ಯಾ ಶಾಲೆಗೆ ಹೋದದ್ದೇ ತಡ, ಈರೇಶ ಟೇಪು ಹಿಡಿದು ಮನೆಯ ಅಳತೆಗೆ ನಿಂತ. ಗೋಡೆಯ ಎದೆ, ಸೊಂಟ, ತೋಳು ಎಲ್ಲ ಅಳೆಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಅಡುಗೆ, ಹಾಸಿಗೆ ಎಲ್ಲವೂ ನಡೆಯುವ ಒಳಖೋಲಿಯಲ್ಲಿ ಮದುವೆಗೆ ಮಾವ ಕೊಟ್ಟ ಕಬ್ಬಿಣದ ತಿಜೋರಿ ಆನೆಯ ಹಾಗೆ ನಿಂತಿತ್ತು. ಅದನ್ನು ಹೊರಖೋಲಿಗೆ ಎಳೆದರೆ ಆ ಜಾಗದಲ್ಲಿ ತೊಟ್ಟಿಲು ಸರಿಯಾಗಿ ಕೂರುತ್ತದೆ!

"ನೋಡ್ತಿರು, ಹತ್ತು ಮಿನಿಟಿನಾಗ ನಿನ್ನ ಮನಿ ದೊಡ್ಡದ ಮಾಡ್ತೇನಿ," ಎಂದ ಹೆಂಡತಿಗೆ.

ಸುಮಿತಾ ದೊಡ್ಡವನನ್ನು, ಅಂದರೆ ಏಳು ನಿಮಿಷ ಮೊದಲು ಹುಟ್ಟಿದವನನ್ನು ಎತ್ತಿಕೊಂಡು ಹೊರಖೋಲಿಗೆ ಬಂದಳು. ಕಾಶೆವ್ವ ಸಣ್ಣವನನ್ನು ತೊಡೆಯ ಮೇಲೆ ಹಾಕಿಕೊಂಡು ಒಳಗೆ ಒಲೆಯ ಪಕ್ಕದಲ್ಲೇ ಕುಳಿತಳು.

ತಿಜೋರಿ ಒಂದು ಗೇಣು ಸರಿದಿತ್ತೋ ಇಲ್ಲವೋ, ಪಕ್ಕದ ಮನೆಯ ಥಾವರೆಪ್ಪ ಹಾಜರಾದ. ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಮೂವತ್ತು ವರ್ಷ ಇದ್ದು ನಿವೃತ್ತನಾದ ಮನುಷ್ಯ. ಓಣಿಯಲ್ಲಿ ಭಾರದ್ದು ಏನು ಅಲುಗಿದರೂ ಅವನಿಗೆ ಗೊತ್ತಾಗುತ್ತಿತ್ತು.

"ಸರಿ ಈರೇಶ, ಸರಿ. ಸಾಗವಾನಿ ದಿಮ್ಮಿ ನಡುವ ಬಾಳೇ ಮಾಡಿದಾವ ನಾ. ಇದೇನು, ಬಿಸ್ಕೀಟಿನ ಡಬ್ಬಿ."

"ಹೆಂಗ ಎಳೀಬೇಕು ಕಾಕಾ?"

"ಸ್ವಲ್ಪ ಓರಿ ಮಾಡು. ಹಾಂ... ಇನ್ನಷ್ಟು. ಈಗ ಎಳಿ!"

ಈರೇಶ ಹೊರಖೋಲಿಯಲ್ಲಿ ನಿಂತು ಎಳೆದ. ತಿಜೋರಿ ಬಾಗಿಲಿನೊಳಗೆ ಅರ್ಧ ಬಂದು 'ಕಿರ್ರ್' ಎಂದಿತು. ಇನ್ನೊಮ್ಮೆ ಎಳೆದರೆ ಮುಂದೆ ಬರಲಿಲ್ಲ, ದೂಡಿದರೆ ಹಿಂದೆಯೂ ಹೋಗಲಿಲ್ಲ. ಗೆದ್ದಲು ಹಿಡಿದ ಚೌಕಟ್ಟನ್ನು ಮನೆಯ ಮಾಲಕ ಹೋದ ವರ್ಷ ಬದಲಿಸಿದ್ದ. ಹೊಸದು ಹಳೆಯದಕ್ಕಿಂತ ಮೂರು ಬೆರಳು ಚಿಕ್ಕದು. ಸಾಲದ್ದಕ್ಕೆ ಈರೇಶ ತಿಜೋರಿಯ ಮೈ ಅಳೆದಿದ್ದ, ಹಿಡಿಕೆಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಉಸಿರು ಬಿಗಿ ಹಿಡಿದವನ ಹೊಟ್ಟೆ ಅಳೆದ ಹಾಗಾಗಿತ್ತು.

"ಕಾಕಾ, ಡಿಪೋದಾಗ ದಿಮ್ಮಿ ಹಿಂಗ ಸಿಕ್ಕೊಂಡರ ಏನ ಮಾಡ್ತಿದ್ರಿ?"

ಥಾವರೆಪ್ಪ ಗಂಟಲು ಸರಿಮಾಡಿಕೊಂಡ. "ದಿಮ್ಮಿ ಹೊರಳಸಾಕ ಬ್ಯಾರೆ ಮಂದಿ ಇದ್ದರಪಾ. ನಾ ಅವಕ್ಕ ನಂಬರ ಬರೀತಿದ್ದೆ."

ಒಳಗಿನಿಂದ ಕಾಶೆವ್ವನ ದನಿ ಬಂತು. "ಈರ್ಯಾ, ಬಾಗಲದಾಗ ಏನೋ ಅಡ್ಡ ನಿಂತೈತಿ ನೋಡೋ."

"ತಿಜೋರಿ ಬೇ ಅವ್ವಾ."

"ಹಂಗಾದರ ನಾ ಹೊರಗ ಬರೂದು ಹೆಂಗ?"

ಒಳಖೋಲಿಗೆ ಹಿತ್ತಲ ಬಾಗಿಲಿರಲಿಲ್ಲ. ಇದ್ದ ಒಂದು ಕಿಟಕಿಗೆ ಬೆಕ್ಕೂ ನುಸುಳದಷ್ಟು ಒತ್ತಾದ ಸರಳು. ತಿಜೋರಿಯ ತಲೆಯ ಮೇಲೆ ಮಾತ್ರ ನಾಲ್ಕು ಬೆರಳಿನ ಸಂದಿ ಉಳಿದಿತ್ತು. ಕಾಶೆವ್ವ ಗಾಬರಿಯಾಗಲಿಲ್ಲ. ಒಲೆ ಅವಳ ಕಡೆಗಿತ್ತು, ರವೆಯ ಡಬ್ಬಿಯೂ ಅವಳ ಕಡೆಗೇ ಇತ್ತು. ಸ್ವಲ್ಪ ಹೊತ್ತಿಗೆ ಒಗ್ಗರಣೆಯ ವಾಸನೆ ಬಂತು. "ಸಾವಕಾಶ ತಗೀರಿ. ಒಬ್ಬಾಕೀಗೆ ಒಂದು ಖೋಲಿ ಸಿಕ್ಕು ಎಷ್ಟು ವರ್ಷ ಆಗಿತ್ತೋ!" ಎಂದಳು ಉಪ್ಪಿಟ್ಟಿನ ಬಾಯಲ್ಲಿ.

ಗಾಬರಿಯಾದವನು ಸಣ್ಣವ. ಅವನಿಗೆ ಹಸಿವಾಯಿತು. ಹಾಲಿನ ತಾಯಿ ಈಚೆ, ಕುಡಿಯುವ ಬಾಯಿ ಆಚೆ. ಅವನು ಅತ್ತದ್ದನ್ನು ಕೇಳಿ ಈಚೆಯ ದೊಡ್ಡವನೂ ಶುರುಮಾಡಿದ. ಬಾಜೂ ಮನೆಯಿಂದ ಥಾವರೆಪ್ಪನ ಹೆಂಡತಿ ಗಂಗಿಬಾಯಿ ಓಡಿ ಬಂದಳು. ಅವಳ ಹಿಂದೆ ಏಳು ತಿಂಗಳ ಬಸುರಿ ಸೊಸೆ ತುಳಜಾ ಮೆಲ್ಲಗೆ ಬಂದಳು. ಓಣಿಯ ಮಂದಿ ಬಾಗಿಲಲ್ಲಿ ಗುಂಪುಗೂಡಿ ಎಣ್ಣೆ ಹಚ್ಚಿರಿ, ಸಾಬೂನು ಹಚ್ಚಿರಿ ಎಂದರು. ಈರೇಶ ಎರಡನ್ನೂ ಹಚ್ಚಿದ. ತಿಜೋರಿ ಸ್ನಾನ ಮಾಡಿದ ಮದುಮಗನಂತೆ ಮಿಂಚಿತೇ ಹೊರತು ಅಲುಗಲಿಲ್ಲ.

ಆ ಗುಂಪನ್ನು ಸೀಳಿಕೊಂಡು ಬಂದವನು ಗೋಡೆ ಕಟ್ಟುವ ಗೌಂಡಿ ಮಲಕಪ್ಪ. ಅವನು ಬಂದದ್ದು ಜಗಳಕ್ಕೆ. ಈರೇಶ ಹೊಲಿದ ಹೊಸ ಪ್ಯಾಂಟು ತೊಟ್ಟು, ಸಾಕ್ಷಿಗೆ ತಾನೇ ನಡೆದು ಬಂದಿದ್ದ.

"ಏನ್ರೀ ಟೇಲರ, ಇದು ಪ್ಯಾಂಟೋ ಗ್ಲೌಸೋ? ಕುಂತರ ಏಳಾಕ ಆಗವಲ್ದು, ಎದ್ದರ ಕುಂಡ್ರಾಕ ಆಗವಲ್ದು!"

"ಅಳತಿ ನಿಮ್ಮದ ಅಲ್ರೀ ಮಲಕಪ್ಪಾ?"

"ಉಳವಿ ಜಾತ್ರಿಗೆ ನಡಕೊಂತ ಹೋಗಿ ಬಂದ ಮರುದಿನ ಕೊಟ್ಟ ಅಳತಿ ಅದು! ಮನಶ್ಯಾ ಆಮ್ಯಾಲೆ ಉಣ್ಣಂಗಿಲ್ಲೇನು?"

"ಜಗಳ ಆಮ್ಯಾಲೆ," ಎಂದು ಗಂಗಿಬಾಯಿ ನಡುವೆ ಬಂದಳು. "ಗೌಂಡಿ ಅದೀಯಲ್ಲ? ನಮ್ಮ ಮನಿ ಗ್ವಾಡಿ, ಅವರ ಒಳಖೋಲಿ ಗ್ವಾಡಿ ಒಂದ. ನಮ್ಮ ಕಡಿಂದ ನಾಕು ಇಟ್ಟಂಗಿ ತಗದು ಕೂಸಿನ್ನ ಈಚೆ ತಗಿ."

ಅದು ಮಣ್ಣಿನ ಗಾರೆಯ ಹಳೆಯ ಗೋಡೆ. ಎರಡೂ ಮನೆಗಳ ಮಾಲಕ ಚನಬಸಪ್ಪ. ಅವನ ಗೊಬ್ಬರದ ಅಂಗಡಿ ಇದ್ದದ್ದು ಓಣಿಯ ತುದಿಯಲ್ಲೇ. ಕೇಳಬೇಕಲ್ಲ ಎಂದ ಈರೇಶ. ಸಣ್ಣವ ಇನ್ನೊಂದು ಸಲ ಕಿರುಚಿದ. ಕೇಳುವುದು ಬೇಡ ಎಂದು ತೀರ್ಮಾನವಾಯಿತು.

ಮಲಕಪ್ಪ ಥಾವರೆಪ್ಪನ ಮನೆಯೊಳಗೆ ನಿಂತು ಉಳಿ ಸುತ್ತಿಗೆ ಹಿಡಿದ. ಇಟ್ಟಂಗಿ ಸುಲಭವಾಗಿ ಬಂದವು. ಕಿಂಡಿಯಲ್ಲಿ ಮೊದಲು ಕಾಶೆವ್ವನ ಮುಖ ಕಾಣಿಸಿತು, ಆಮೇಲೆ ಸಣ್ಣವನ ಕಾಲು, ಆಮೇಲೆ ಪೂರ್ತಿ ಸಣ್ಣವ. ಓಣಿ ಚಪ್ಪಾಳೆ ತಟ್ಟಿತು. ಸುಮಿತಾ ಅವನನ್ನು ಎತ್ತಿಕೊಂಡು ಮೂಲೆಗೆ ಹೋದಳು.

"ಇನ್ನ ಮುದುಕಿ," ಎಂದ ಮಲಕಪ್ಪ. ಮೊಮ್ಮಗ ಬಂದ ಕಿಂಡಿಯಲ್ಲಿ ಕಾಶೆವ್ವನ ಒಂದು ತೋಳು ಬರುವಂತಿತ್ತು. ಕಿಂಡಿ ದೊಡ್ಡದಾಗಬೇಕಿತ್ತು.

ಅವನು ಬಡಿಯುತ್ತಿದ್ದಂತೆ ಗಂಗಿಬಾಯಿ ನಿಟ್ಟುಸಿರು ಬಿಟ್ಟಳು. "ಆ ಅಂದಾನೆಪ್ಪ ಮಾಸ್ತರರ ಮನಿಗೆ ಹೋಗಿದ್ದರ ಈ ತ್ರಾಸ ಇರ್ತಿರಲಿಲ್ಲ."

"ಯಾವ ಮನಿ?" ಎಂದ ಮಲಕಪ್ಪ ಸುತ್ತಿಗೆ ನಿಲ್ಲಿಸಿ.

"ದಾಂಡೇಲಿ ರೋಡಿನಾಗ. ನಾಕು ಖೋಲಿ," ಎಂದ ಈರೇಶ ತಾತ್ಸಾರದಿಂದ. "ಅದೇನ್ ಮನಿ ಬಿಡ್ರಿ, ಮೈದಾನ. ಸಂಜೀತನಕ ನಮಗ ಕಾಯ್ತಾರಂತ. ನೀವು ಬಡೀರಿ."

ಮಲಕಪ್ಪ ಬಡಿದ. ಮೂರನೆಯ ಏಟಿಗೆ ಬಗ್ಗಿದಾಗ 'ಪರ್' ಎಂದು ಸದ್ದಾಯಿತು. ಗೋಡೆಯಲ್ಲಿ ಅಲ್ಲ. ಎದುರಿಗೆ ಗಂಗಿಬಾಯಿ, ತುಳಜಾ, ಓಣಿಯ ಅರ್ಧ ಹೆಂಗಸರು. ಮಲಕಪ್ಪ ಗರಕ್ಕನೆ ತಿರುಗಿ, ಹರಿದ ಪ್ಯಾಂಟಿನ ಹಿಂಭಾಗವನ್ನು ಗೋಡೆಗೆ ಗಟ್ಟಿಯಾಗಿ ಒತ್ತಿಕೊಂಡು ನಿಂತುಬಿಟ್ಟ.

"ಏನಾತು?" ಎಂದಳು ಗಂಗಿಬಾಯಿ.

"ಏನಿಲ್ಲ. ಸ್ವಲ್ಪ ದಣಿವು," ಎಂದ. ಮರುಕ್ಷಣ ಗೋಡೆ ಅವನನ್ನು ಕರೆದುಕೊಂಡು ಆಚೆ ಬಿದ್ದಿತು.

ಧೂಳು ಇಳಿಯಲು ಸ್ವಲ್ಪ ಸಮಯ ಹಿಡಿಯಿತು. ಹೆಂಚು ತೊಲೆಗಳ ಮೇಲೆ ನಿಂತಿದ್ದರಿಂದ ಸೂರು ಉಳಿಯಿತು. ಒಲೆಯ ಮೂಲೆಯಲ್ಲಿ ತಾಟಿನ ಮೇಲೆ ಸೆರಗು ಮುಚ್ಚಿಕೊಂಡು ಕುಳಿತಿದ್ದ ಕಾಶೆವ್ವ, ಕಾಲ ಬಳಿ ಬಂದು ಬಿದ್ದ ಗೌಂಡಿಯನ್ನು ನೋಡಿ, "ಉಳವಿ ಚನ್ನಬಸವಣ್ಣಾ! ಯಾರಪಾ ನೀ?" ಎಂದಳು. ಮಲಕಪ್ಪ ಅಲ್ಲೇ ಹಗ್ಗದ ಮೇಲಿದ್ದ ಟವೆಲನ್ನು ಸೊಂಟಕ್ಕೆ ಸುತ್ತಿಕೊಂಡು, "ಈಗ ಬಂದೆ" ಎಂದವನೇ ಸೈಕಲ್ ಹತ್ತಿ ಮಾಯವಾದ.

ಸದ್ದು ಕೇಳಿ ಚನಬಸಪ್ಪ ಬಂದ. ಥಾವರೆಪ್ಪನ ಬಾಗಿಲಲ್ಲಿ ನಿಂತು, ಎರಡು ಒಲೆ ಕಾಣುವ ಆ ಬಯಲನ್ನು ಬಹಳ ಹೊತ್ತು ನೋಡಿದ.

"ನಾ ಇಲ್ಲಿ ಎರಡು ಮನಿ ಬಾಡಿಗಿ ಕೊಟ್ಟಿದ್ದೆ," ಎಂದ ಕೊನೆಗೆ. "ಒಂದ ಕಾಣಸ್ತೈತಿ. ಇನ್ನೊಂದು ಎಲ್ಲಿ?"

"ಸಾಹುಕಾರ್ರ, ಅದು ತಿಜೋರಿ..."

"ತಿಜೋರ್ಯಾಗ ಇಟ್ಟಿಯೇನು ಅದನ್ನ? ಒಂದ ವಾರದಾಗ ಗ್ವಾಡಿ ಎಬ್ಬಿಸಿ ಕೊಡು. ಇಲ್ಲಾ ಮನಿ ಬಿಡು."

ಓಣಿಯೆಲ್ಲ ಕೇಳುತ್ತಿತ್ತು. ಮಧ್ಯಾಹ್ನದಿಂದ ತಿಜೋರಿಯ ಕೈಯಲ್ಲಿ ಸೋತವನಿಗೆ ಒಬ್ಬ ಮನುಷ್ಯನ ಕೈಯಲ್ಲಾದರೂ ಗೆಲ್ಲಬೇಕೆನಿಸಿತು. ಈರೇಶ ಎದೆ ಸೆಟೆದು, "ಬಿಟ್ಟೆ!" ಎಂದ. "ಈ ಗುಬ್ಬಿ ಗೂಡು ಯಾರಿಗೆ ಬೇಕಾಗೇತಿ? ನಾಕು ಖೋಲಿ ಮನಿ ನನಗ ಕಾಯಾಕ ಹತ್ತೈತಿ!"

ಸುಮಿತಾ, "ರೀ, ಒಂದ ಮಾತು..." ಎನ್ನುವುದರೊಳಗೆ ಅವನ ಸ್ಕೂಟರ್ ಓಣಿ ದಾಟಿತ್ತು.

ದಾರಿಯುದ್ದಕ್ಕೂ ಅವನ ಮನಸ್ಸು ಹಗುರವಾಗಿತ್ತು. ಸುಮಿತಾಳಿಗೆ ಅವಳ ಕಿಟಕಿ ಸಿಗುತ್ತದೆ, ಅವ್ವನಿಗೆ ಒಂದು ಖೋಲಿ, ಮಕ್ಕಳಿಗೆ ಒಂದೊಂದು ತೊಟ್ಟಿಲು. ಇಷ್ಟು ದಿನ ಯಾಕೆ ಹಟ ಮಾಡಿದೆನೋ ಎಂದುಕೊಂಡ. ಐದಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು.

ಅಂದಾನೆಪ್ಪ ಮಾಸ್ತರರು ಕಟ್ಟೆಯ ಮೇಲೆ ಪೇಪರು ಓದುತ್ತಿದ್ದರು. "ಮನಿ ಆತು ಮಾಸ್ತರ್ರ. ಇವತ್ತ ಬರ್ತೇವಿ," ಎಂದ ಈರೇಶ.

ಮಾಸ್ತರರು ಕನ್ನಡಕ ತೆಗೆದರು. "ಹಂಗ್ಯಾಕ ಅಂತೀರಿ? ನಿಮ್ಮ ಮನಿಯವರು ಮುಂಜಾನೆ ಎಂಟೂವರಿಗೇ ಫೋನ್ ಮಾಡಿ ಬ್ಯಾಡ ಅಂದ್ರಲ್ಲ? 'ನಮ್ಮವರು ಹೇಳೂದ ಖರೇ ಐತಿ, ಇದ್ದ ಮನೀನ ಸಾಕು' ಅಂದ್ರು."

ಎಂಟೂವರೆಗೆ ಈರೇಶ ಇನ್ನೂ ಟೇಪನ್ನೇ ಕೈಗೆತ್ತಿಕೊಂಡಿರಲಿಲ್ಲ.

"ಹೋಗಲಿ, ಈಗ ಬರ್ತೇವ್ರಿ. ಕೀಲಿ ಕೊಡ್ರಿ."

"ಕೀಲಿ ಕೊಟ್ಟು ಹತ್ತು ಮಿನಿಟ ಆತು. ಪಾಪ, ಒಬ್ಬ ಗೌಂಡಿ ಬಂದಿದ್ದ. ಮೈಯೆಲ್ಲ ಮಣ್ಣು, ಸೊಂಟಕ್ಕ ಟವೆಲ್. ಏನಪಾ, ಮನಿ ಬಿತ್ತೇನು ಅಂತ ಕೇಳಿದೆ. 'ಹೌದ್ರೀ, ನನ್ನ ಕಣ್ಣ ಮುಂದ ಬಿತ್ತು' ಅಂದ. ಕರುಳು ಚುರ್ ಅಂತು ನೋಡ್ರಿ."

ಈರೇಶ ಸ್ಕೂಟರನ್ನು ಹತ್ತದೆ ತಳ್ಳಿಕೊಂಡು ಅರ್ಧ ದಾರಿ ಬಂದ. ಚನಬಸಪ್ಪನ ಕಾಲು ಹಿಡಿಯುವುದು, ಗೋಡೆ ಕಟ್ಟಿಸಿಕೊಡುವುದು, ಇದ್ದಲ್ಲೇ ಇರುವುದು ಎಂದು ಲೆಕ್ಕ ಹಾಕಿದ. ಅದಾದರೂ ಇದೆಯಲ್ಲ ಎಂಬ ಸಮಾಧಾನವಾದ ಮೇಲೆ ಹತ್ತಿದ.

ಮನೆ ತಲುಪಿದಾಗ ಇಟ್ಟಂಗಿಯ ರಾಶಿ ಅಂಗಳಕ್ಕೆ ಬಂದಿತ್ತು. ನೆಲ ಸಾರಿಸಿತ್ತು. ಓಣಿಯ ಹತ್ತು ಜನ ಸೇರಿ ಎಳೆದ ತಿಜೋರಿ ಬಾಗಿಲು ಬಿಟ್ಟು ಪಕ್ಕಕ್ಕೆ ನಿಂತಿತ್ತು. ಗಂಗಿಬಾಯಿ ದೊಡ್ಡವನನ್ನು, ತುಳಜಾ ಸಣ್ಣವನನ್ನು ಆಡಿಸುತ್ತಿದ್ದರು. ಶಾಲೆಯಿಂದ ಬಂದ ಐಶ್ವರ್ಯಾ ಈ ಮನೆಯಿಂದ ಆ ಮನೆಗೆ ಓಡಾಡಿ ಕುಣಿಯುತ್ತಿದ್ದಳು. ಕಾಶೆವ್ವ ಎರಡನೆಯ ಸಲ ಉಪ್ಪಿಟ್ಟು ಮಾಡಿ ಎಲ್ಲರಿಗೂ ಬಡಿಸುತ್ತಿದ್ದಳು.

"ಫೋನ್ ಮಾಡಿ ಬ್ಯಾಡ ಅಂದಿದ್ದಿಯಂತ? ನನಗ್ಯಾಕ ಹೇಳಲಿಲ್ಲ?" ಎಂದು ಈರೇಶ ಹೆಂಡತಿಯ ಕಿವಿಯಲ್ಲಿ ಕೇಳಿದ.

"ಹೇಳೂದರಾಗ ನೀವು ತಿಜೋರಿಗೆ ಕೈ ಹಚ್ಚಿದ್ರಿ. ಅದರ ಹಿಂದಿನ ಕಸಾ ಒಂಬತ್ತು ವರ್ಷದ್ದು. ಗುಡಿಸಿಕೊಂಡು ಆಮ್ಯಾಲೆ ಹೇಳೂಣು ಅಂತ ತಡದೆ," ಎಂದಳು ಸುಮಿತಾ.

ಈರೇಶ ಅಲ್ಲಿಂದ ಥಾವರೆಪ್ಪನ ಕಡೆ ತಿರುಗಿದ. "ಕಾಕಾ, ಸಾಹುಕಾರ್ರು ಎಲ್ಲಿ? ನಾ ಮನಿ ಬಿಡೂದಿಲ್ಲ ಅಂತ ಹೇಳಬೇಕು."

ಥಾವರೆಪ್ಪ ಮೀಸೆ ತೀಡಿಕೊಂಡ. "ತಡಾ ಆತಪಾ. ನೀ ಹೋದ ಮ್ಯಾಲೆ ಅವರು ಗ್ವಾಡಿ ಚಿಂತಿ ಮಾಡಾಕ ಹತ್ತಿದ್ರು. ನನ್ನ ಸೊಸಿಗೂ ಇನ್ನೆರಡು ತಿಂಗಳಿಗೆ ಕೂಸು ಬರ್ತೈತಿ, ನಮಗೂ ಜಾಗಾ ಸಾಲೂದಿಲ್ಲ. ಗ್ವಾಡಿ ಯಾಕ ಎಬ್ಬಸ್ತೀರಿ, ಹಿಂಗ ಒಂದ ಮನಿ ಅಂತ ನನಗ ಕೊಡ್ರಿ ಅಂದೆ. ಕೊಟ್ಟು ಹ್ವಾದ್ರು."

ಮಧ್ಯಾಹ್ನದಿಂದ ಮೂವತ್ತಾರು ಸಲ ಎಳೆದರೂ ದೂಡಿದರೂ ಅಲುಗದ ತಿಜೋರಿಗೆ ಈರೇಶ ಈಗ ಸುಮ್ಮನೆ ಒರಗಿ ನಿಂತ. ಮಲಕಪ್ಪನಿಗೆ ನಾಲ್ಕು ಖೋಲಿ. ಥಾವರೆಪ್ಪನಿಗೂ ನಾಲ್ಕು ಖೋಲಿ. ಓಣಿಯಲ್ಲಿ ಆ ದಿನ ಕೈ ಹಚ್ಚಿದವರಿಗೆಲ್ಲ ದೊಡ್ಡ ಮನೆ ಸಿಕ್ಕಿತ್ತು.

ಅವನ ಮುಖ ನೋಡಿ ಥಾವರೆಪ್ಪನಿಗೆ ಕರುಣೆ ಬಂತು. ಹೆಗಲ ಮೇಲೆ ಕೈಯಿಟ್ಟು, "ಹಂಗ್ಯಾಕ ಸಣ್ಣ ಮಾರಿ ಮಾಡ್ತಿ? ಬ್ಯಾರೆ ಮನಿ ಸಿಗೂತನಕ ನಮ್ಮ ಹೊರಖೋಲ್ಯಾಗ ಇರ್ರಿ. ನಾವೇನು ಹೊರಗಿನವರಾ?" ಎಂದ.

"ನಮ್ಮ ಹೊರಖೋಲಿ?" ಎಂದ ಈರೇಶ.

"ಹೌದಪಾ, ಈಗ ನಮ್ಮದ." ಥಾವರೆಪ್ಪ ಬಾಗಿಲ ತನಕ ಹೋಗಿ, ಏನೋ ನೆನಪಾದವನಂತೆ ತಿರುಗಿ ನಿಂತ. ಅವನ ದನಿಗೆ ಆಗಲೇ ಚನಬಸಪ್ಪನ ಗತ್ತು ಬಂದಿತ್ತು. "ಆದರ ಒಂದ ಮಾತು ಈರೇಶ. ಮನ್ಯಾಗ ಬಸರಿ ಹೆಣಮಗಳು ಅದಾಳ. ಕೂಸುಗೋಳು ಭಾಳ ಅಳಬಾರದು ಮತ್ತ."

"ಆತ್ರೀ," ಎಂದ ಈರೇಶ.