ಆಣೆ ಇಟ್ಟು ಕರೆದ ಊಟ

ವಹ್ದಾನನ ಬಾಯಿ ಬಲು ಉದಾರ. ದಮಿಯಾತ್ ಊರಿನ ನೈಲ್ ದಂಡೆಯ ಗಲ್ಲಿಯಲ್ಲಿ ಕುರ್ಚಿಯ ಕಾಲು ಕೆತ್ತುತ್ತ ಕೂತವನು, ದಾರಿಯಲ್ಲಿ ಯಾರು ಹೋದರೂ "ಬನ್ನಿ, ಊಟ ಮಾಡಿ" ಅನ್ನದೆ ಬಿಡುವವನಲ್ಲ. ಕರೆಸಿಕೊಂಡವರು ಎದೆಯ ಮೇಲೆ ಕೈಯಿಟ್ಟು, "ನಿಮ್ಮ ಮನೆ ತಣ್ಣಗಿರಲಿ" ಎಂದು ಮುಂದೆ ನಡೆಯಬೇಕು. ಕರೆದವನ ಮರ್ಯಾದೆಯೂ ಉಳಿಯಿತು, ಅಡುಗೆಯೂ ಉಳಿಯಿತು.

ಆ ಶುಕ್ರವಾರ ಬೆಳಗ್ಗೆ ದಾರಿ ಕೇಳಲು ನಿಂತವರು ದೂರದ ಸೊಹಾಗ್ ಕಡೆಯವರು: ಹಾಜಿ ಕಿನಾವಿ, ಅವನ ಹೆಂಡತಿ, ಕಂಬದಂಥ ಇಬ್ಬರು ಗಂಡುಮಕ್ಕಳು. ದೊಡ್ಡವನ ಮದುವೆಗೆ ಸಾಮಾನು ಕೊಂಡು, ಹಾಗೆಯೇ ನದಿ ಸಮುದ್ರ ಸೇರುವ ಜಾಗವನ್ನೂ ನೋಡಿ ಹೋಗಲು ಬಂದಿದ್ದರು. ವಹ್ದಾನ್ ದಾರಿ ತೋರಿಸಿ, ರೂಢಿಯಂತೆ ಊಟಕ್ಕೆ ಕರೆದ. ಹಾಜಿ ಹಿಂದೆಮುಂದೆ ನೋಡಿದ. ಅಷ್ಟಕ್ಕೇ ವಹ್ದಾನನಿಗೆ ಹುರುಪೇರಿತು.

"ಮಧ್ಯಾಹ್ನ ನಮ್ಮನೇಲೇ ಊಟ! ನೀವು ತಿನ್ನದೆ ಊರು ಬಿಟ್ರೆ ನನ್ನ ಹೆಂಡ್ತಿಗೆ ತಲಾಕ್!"

ಹಾಜಿಯ ಮುಖ ಬಿಳಿಚಿಕೊಂಡಿತು. ಎದೆಯ ಮೇಲೆ ಕೈಯಿಟ್ಟ. ಮನೆಯವರನ್ನು ಕರೆದುಕೊಂಡು ನಡೆದುಬಿಟ್ಟ.

ಎದುರುಮನೆ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಉಮ್ಮ್ ರಜಬ್‌ಗೆ ಅಷ್ಟು ಸಾಕಾಯಿತು. "ಸನಿಯ್ಯಾ! ಏ ಸನಿಯ್ಯಾ! ನಿನ್ ಗಂಡ ನಿನ್ನ ಬೀದೀಲಿ ಪಣಕ್ಕಿಟ್ಟವ್ನೆ ಕಣೇ!"

ಈರುಳ್ಳಿ ತುಂಬಿಸುತ್ತಿದ್ದ ಬಾತುಕೋಳಿಯನ್ನು ಕೂಸಿನ ಹಾಗೆ ಕಂಕುಳಲ್ಲಿಟ್ಟುಕೊಂಡೇ ಸನಿಯ್ಯಾ ಬಾಗಿಲಿಗೆ ಬಂದಳು.

"ಏನಂದೆ ನೀನು?"

"ಸುಮ್ನೆ ಮಾತಿಗೆ ಅಂದೆ ಕಣೇ..."

"ಮಾತಿಗಾ? ಅವರು ಬಂದು ತಿಂದ್ರೆ ನಾನು ನಿನ್ ಹೆಂಡ್ತಿ. ಇಲ್ಲಾಂದ್ರೆ ಈ ಬಾತನ್ನೂ ಎತ್ಕೊಂಡು ಅಮ್ಮನ ಮನೆಗೆ ಹೋಗ್ತೀನಿ."

ಹೆಂಡತಿಯೂ ಬಾತೂ ಒಟ್ಟಿಗೆ ಬಿಟ್ಟುಹೋದ ಮನೆಯನ್ನು ನೆನೆದು ವಹ್ದಾನ್ ಉಳಿ ಕೆಳಗಿಟ್ಟ. ಆಣೆಗೆ ಪರಿಹಾರವೇನೆಂದು, ಧರ್ಮಶಾಸ್ತ್ರ ಬಲ್ಲ ಶೇಖ್ ಮುತವಲ್ಲಿಯನ್ನು ಕೇಳೋಣವೆಂದರೆ ಅವರು ಪಕ್ಕದ ಹಳ್ಳಿಯ ಸಾವಿಗೆ ಹೋಗಿದ್ದರು. ಮಧ್ಯಾಹ್ನದ ನಮಾಜು ಮುಗಿಯಿತು. ಅತಿಥಿಗಳ ಸುಳಿವಿಲ್ಲ.

"ಬೇರೆಲ್ಲೋ ಊಟ ಮುಗಿಸಿ ರೈಲು ಹತ್ತಿರ್ತಾರೆ ಬಿಡು," ಎಂದು ಉಮ್ಮ್ ರಜಬ್ ಮೇಲಿನಿಂದಲೇ ಸಮಾಧಾನ ಹೇಳಿದಳು.

ವಹ್ದಾನ್ ಓಡಿದ. ಮರದ ಸಾಮಾನಿನ ಬೀದಿಯಲ್ಲಿ, "ವ್ಯಾಪಾರ ಮುಗಿಸ್ಕೊಂಡು ಆಗ್ಲೇ ಹೋದ್ರಲ್ಲ" ಅಂದರು. ಮಿಠಾಯಿ ಅಂಗಡಿಯಲ್ಲಿ, "ಗಾಜಿಗೆ ಮೂಗು ಒತ್ತಿ ನಿಂತಿದ್ರು ಪಾಪ" ಅಂದರು. ದಂಡೆಯ ಮೀನಿನ ಹೋಟೆಲಿಗೆ ನುಗ್ಗಿ, ಗಿರಾಕಿಗಳ ತಟ್ಟೆಗಳನ್ನೆಲ್ಲ ಪೊಲೀಸಿನವನ ಹಾಗೆ ಬಗ್ಗಿ ನೋಡಿದ.

"ಹಾಜಿನಾ? ಬಾಗಿಲಲ್ಲಿ ನಿಂತು ಹೊಟ್ಟೆ ತುಂಬ ವಾಸನೆ ಕುಡಿದು ನದಿ ತುದಿಗೆ, ರಾಸ್ ಅಲ್-ಬರ್ ಕಡೆ ಹೋದ್ರು," ಅಂದ ಮಾಣಿ.

ವ್ಯಾನಿನ ಬಾಗಿಲಿಗೆ ಬಾವಲಿಯಂತೆ ಜೋತುಬಿದ್ದು ವಹ್ದಾನ್ ನದಿಯ ತುದಿ ತಲುಪಿದ. ನೈಲ್ ಮತ್ತು ಸಮುದ್ರ ಸೇರುವ ಕಡೆ, ಬಂಡೆಯ ಮೇಲೆ ನಾಲ್ವರೂ ಬಾಡಿದ ಸೊಪ್ಪಿನ ಹಾಗೆ ಕೂತಿದ್ದರು.

"ಅಂತೂ ಬಂದ್ಯಾ ತಮ್ಮಾ?" ಹಾಜಿ ನಿಟ್ಟುಸಿರಿಟ್ಟ. "ಕರೆದವನು ಬಂದು ಕೈ ಹಿಡ್ಕೊಂಡು ಹೋಗೋವರೆಗೂ ನಮ್ಮ ಕಡೆ ಯಾರೂ ಊಟಕ್ಕೆ ಹೊರಡಲ್ಲ. ಬೆಳಗಿಂದ ನೀರು ಬಿಟ್ಟು ಏನೂ ಮುಟ್ಟಿಲ್ಲ. ನಿನ್ ಹೆಂಡ್ತಿ ಬಾಳು ನಮ್ಮ ಹೊಟ್ಟೆ ಮೇಲೆ ನಿಂತಿದೆ ನೋಡು!"

ವಹ್ದಾನ್ ಅವನ ಎರಡು ಕೆನ್ನೆಗೂ ಮುತ್ತಿಟ್ಟ. ನಾಲ್ವರನ್ನೂ ವ್ಯಾನಿಗೆ ತುಂಬಿ, ಗೆದ್ದ ಸೇನಾಪತಿಯಂತೆ ಗಲ್ಲಿಗೆ ತಂದ.

ಮನೆಬಾಗಿಲಲ್ಲಿ ಶೇಖ್ ಮುತವಲ್ಲಿ ಗಡ್ಡ ಒರೆಸಿಕೊಳ್ಳುತ್ತ ನಿಂತಿದ್ದರು.

"ಇನ್ನು ಚಿಂತೆ ಬಿಡು ಮಗನೇ. ಬಾಯಿಚಟದ ಆಣೆಗೆ ಸಂಸಾರ ಮುರಿಯಲ್ಲ. ಹತ್ತು ಜನ ಬಡವರಿಗೆ ಊಟ ಹಾಕಿದ್ರೆ ತೀರ್ತು ಅಂದೆ. ಸನಿಯ್ಯಾ ಆಗ್ಲೇ ಹಾಕಿದ್ಲು."

"ಈ ಗಲ್ಲೀಲಿ ಹತ್ತು ಜನ ಬಡವರಾ?"

"ತುಂಬಾ ಹುಡುಕಬೇಕಾಯ್ತು. ಎಂಟಕ್ಕೆ ನಿಂತ್ಹೋಯ್ತು. ಆಮೇಲೆ ಉಮ್ಮ್ ರಜಬ್ ತನ್ನ ಕಷ್ಟ ಹೇಳ್ಕೊಂಡು ಅತ್ತಳು. ಇನ್ನೊಬ್ಬರು ಕಮ್ಮಿ ಇದ್ರು..." ಶೇಖ್ ಮೆಲ್ಲಗೆ ಕೆಮ್ಮಿದರು. "ಬಾತು ಚೆನ್ನಾಗಿತ್ತು."

ಸನಿಯ್ಯಾ ಪಾತ್ರೆ ಬಗ್ಗಿಸಿ ತೋರಿಸಿದಳು. ತಳದಲ್ಲಿ ಒಂದು ಎಸಳು ಈರುಳ್ಳಿಯೂ ಇರಲಿಲ್ಲ.

ವಹ್ದಾನ್ ಹಾಜಿಯ ಕೈ ಹಿಡಿದುಕೊಂಡ. "ಕೇಳಿದ್ರಲ್ಲ ಹಾಜಿ? ಆಣೆ ತೀರ್ತು. ನೀವು ನಿಶ್ಚಿಂತೆಯಿಂದ ಊರಿಗೆ..."

"ಅದೆಂಗಾಯ್ತದೆ? ನಾಳೆ ಯಾರಾದ್ರೂ, ಹಾಜಿ ಕಿನಾವಿ ಉಣ್ಣದೆ ಹೋಗಿ ಒಂದು ಮನೆ ಮುರಿದ ಅಂದ್ರೆ? ಇನ್ನೊಂದು ಬಾತು ತರ್ಸು."

"ಸಂತೆ ಎದ್ದುಹೋಯ್ತು. ಇನ್ನು ಬಾತು ಸಿಗೋದು ನಾಳೇನೇ," ಎಂದಳು ಸನಿಯ್ಯಾ, ಗಂಡನ ಮುಖವನ್ನೇ ದುರುಗುಟ್ಟಿ ನೋಡುತ್ತ.

"ನಾಳೆ ಆದ್ರೂ ಸರಿ ತಂಗಿ. ನಿನ್ ಬಾಳಿಗಿಂತ ನಮ್ ಪ್ರಯಾಣ ದೊಡ್ಡದಾ?"

ಹಾಜಿ ಮಕ್ಕಳಿಗೆ ಕಣ್ಸನ್ನೆ ಮಾಡಿದ. ಅವರು ಹೋದವರು ಸ್ವಲ್ಪ ಹೊತ್ತಿಗೆ ಅಂಗಡಿಯಿಂದ ಒಂದು ಗಾಡಿ ತಳ್ಳಿಕೊಂಡು ಬಂದರು. ಅದರ ಮೇಲೆ, ದೊಡ್ಡವನ ಮದುವೆಗೆಂದು ಕೊಂಡ, ಚಿನ್ನದ ಬಣ್ಣ ಬಳಿದ, ಗಲ್ಲಿಯಷ್ಟೇ ಅಗಲದ ಮಂಚ.

"ಮಲಗೋಕೆ ನಿಮಗೇನೂ ತೊಂದ್ರೆ ಕೊಡಲ್ಲ ತಮ್ಮಾ," ಎಂದ ಹಾಜಿ, ಅಂಗಿಯ ತೋಳು ಮಡಚುತ್ತ. "ಯಾವ ಕೋಣೇಲಿ ಹಾಕೋಣ ಹೇಳು."

ಮನೆಯಲ್ಲಿ ಇದ್ದದ್ದು ಒಂದೇ ಕೋಣೆ.