ಸೂಟ್‌ಕೇಸಿನ ಮೇಲೆ ಅಂಟಿಸಿದ ಪಟ್ಟಿ

ನಾನು ಸುಳ್ಳು ಹೇಳುವವನಲ್ಲ. ಹೇಳಬೇಕಾದ್ದನ್ನು ಹೇಳದೆ ಸುಮ್ಮನಿರುವವನು. ಇವೆರಡಕ್ಕೂ ಬಹಳ ವ್ಯತ್ಯಾಸವಿದೆ ಎಂದು ಮದುವೆಯಾದಂದಿನಿಂದ ವಾದಿಸುತ್ತ ಬಂದೆ. "ಬಾಯಿ ಮುಚ್ಕೊಂಡು ಹೇಳೋ ಸುಳ್ಳೇ ದೊಡ್ಡದು ಕಣ್ರೀ" ಎನ್ನುತ್ತಿದ್ದಳು ನನ್ನ ಹೆಂಡತಿ ವಸಂತ. ಒಮ್ಮೆ ಹೊಸ ಫ್ರಿಡ್ಜನ್ನು ನಾನೇ ತಳ್ಳಲು ಹೋಗಿ ಅದರ ಪಕ್ಕಕ್ಕೆ ಗೀರು ಬಿತ್ತು. ಆ ಪಕ್ಕ ಗೋಡೆಗೆ ಬರುವಂತೆ ನಿಲ್ಲಿಸಿ ಎರಡು ವರ್ಷ ಸುಮ್ಮನಿದ್ದೆ. ಮನೆ ಬದಲಾಯಿಸುವಾಗ ಅದು ಬೆಳಕಿಗೆ ಬಂತು. ಅವಳು ಗೀರಿನ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ, ಆ ಎರಡು ವರ್ಷದ ಬಗ್ಗೆ ಇಡೀ ದಿನ ಆಡಿದಳು. ವಸಂತ ತೀರಿಕೊಂಡು ಇನ್ನೇನು ವರ್ಷವಾಗುತ್ತದೆ. ಎದುರು ವಾದಿಸುವವರು ಇಲ್ಲದೆ ಈಗ ಎಲ್ಲ ವಾದಗಳನ್ನೂ ನಾನೇ ಗೆದ್ದ ಹಾಗಾಗಿದೆ. ಗೆದ್ದದ್ದು ಅಷ್ಟೇನೂ ಚೆನ್ನಾಗಿಲ್ಲ.

ನಾನು ತಮಿಳುನಾಡಿನ ಅಂಬತ್ತೂರಿನ ಒಂದು ಕಾರ್ಖಾನೆಯಲ್ಲಿ ಡಿಸ್ಪ್ಯಾಚ್ ವಿಭಾಗದವನು. ತಯಾರಾದ ಯಂತ್ರದ ಬಿಡಿಭಾಗಗಳನ್ನು ಮರದ ಪೆಟ್ಟಿಗೆಗೆ ತುಂಬಿಸಿ, ಪಟ್ಟಿ ಬರೆದು ಮೇಲೆ ಅಂಟಿಸಿ, ಲಾರಿ ಹತ್ತಿಸುವುದು ನನ್ನ ಕೆಲಸ. ಓದಿದ್ದು ಮಂಡ್ಯದಲ್ಲಿ, ಐಟಿಐವರೆಗೆ. ನಾನು ಮೊಳೆ ಹೊಡೆಸಿದ ಪೆಟ್ಟಿಗೆಗಳು ಇಪ್ಪತ್ತು ವರ್ಷದಿಂದ ಜರ್ಮನಿಗೆ ಹೋಗುತ್ತಿವೆ. ನಮ್ಮ ಮನೆಯಿಂದ ಮನುಷ್ಯರು ಯಾರೂ ಹೋಗಿರಲಿಲ್ಲ. ಹೀಗಿರುವಾಗ, ಇಂಜಿನಿಯರಿಂಗ್ ಮೊದಲ ವರ್ಷಕ್ಕೆ ಸೇರಿ ಇನ್ನೂ ನಾಲ್ಕು ತಿಂಗಳಾಗದ ನನ್ನ ಮಗಳು ಅನುಷಾ, ಕಾಲೇಜಿನವರು ಹದಿನೈದು ದಿನದ ಓದಿಗೆ ಆರಿಸಿದವರಲ್ಲಿ ತಾನೂ ಒಬ್ಬಳು ಎಂದು ಬಂದು ಹೇಳಿದಳು. ಎಲ್ಲಿಗೆ ಎಂದೆ. ಜರ್ಮನಿ ಎಂದಳು. ನಮ್ಮ ಸಾಮಾನು ಅಲ್ಲಿ ಯಾವ ಬಂದರಿನಲ್ಲಿ ಇಳಿಯುತ್ತದೆ ಎಂಬುದನ್ನು ವಿವರಿಸತೊಡಗಿದೆ. "ಅಪ್ಪಾ, ನಾವು ಫ್ಲೈಟಲ್ಲಿ ಹೋಗ್ತೀವಿ" ಎಂದಳು.

ಹೊರಡುವ ತಾರೀಕು ಕೇಳಿದಾಗ ನನಗೆ ಒಂದು ವಿಷಯ ತಕ್ಷಣ ಹೊಳೆಯಿತು. ವಸಂತಳ ವರ್ಷದ ತಿಥಿ ಆ ಹದಿನೈದು ದಿನದ ನಡುವೆಯೇ ಬರುತ್ತದೆ. ಅನುಷಾಗೂ ಅನುಮಾನ ಬಂದಿತ್ತು. "ಅಮ್ಮನ ತಿಥಿ ಮಿಸ್ ಆಗಲ್ಲ ತಾನೇ? ಮಿಸ್ ಆಗೋದಾದ್ರೆ ನಾನು ಹೋಗಲ್ಲ" ಎಂದು ಮೊದಲ ದಿನವೇ ಹೇಳಿದಳು. ನೋಡೋಣ ಎಂದೆ. ಅವಳು ನನ್ನನ್ನು ನಂಬದೆ ಪಕ್ಕದ ಮನೆಯ ಪದ್ಮಾ ಮಾಮಿಯನ್ನು ಕೇಳಲು ಹೋದಳು. ಮಾಮಿ ತಮಿಳರು. ಅವರ ತಿಂಗಳು ಸೂರ್ಯನ ಲೆಕ್ಕದ್ದು, ನಮ್ಮದು ಚಂದ್ರನದು. ಒಂದೇ ಸಾವಿಗೆ ಅವರ ಲೆಕ್ಕದ ತಿಥಿ ನಮ್ಮದಕ್ಕಿಂತ ಒಂದು ತಿಂಗಳು ಆಚೆ ಬರುವುದುಂಟು. ಮಾಮಿ ಗೋಡೆಯ ಕ್ಯಾಲೆಂಡರ್ ಇಳಿಸಿ, ಕನ್ನಡಕ ಹಾಕಿಕೊಂಡು, "ಮಾರ್ಗಳಿಲ ದಾನೇ ಪೋನಾ? ಅಪ್ಪೊ ಜನವರಿಲ ದಾನ್ ವರುದು. ನೀ ನಿಮ್ಮದಿಯಾ ಪೋಯಿಟ್ಟು ವಾ" ಎಂದು ಹರಸಿ ಕಳಿಸಿದರು. ಮಾರ್ಗಳಿ ತಿಂಗಳಲ್ಲಿ ತೀರಿಕೊಂಡವಳ ತಿಥಿ ಜನವರಿಯಲ್ಲೇ ಬರುವುದು, ನಿಶ್ಚಿಂತೆಯಿಂದ ಹೋಗಿ ಬಾ ಎಂದು ಹಿರಿಯರು ಹೇಳಿದ ಮೇಲೆ ನಡುವೆ ಬಾಯಿ ಹಾಕುವುದು ಸರಿಯಲ್ಲ ಎಂದು ನಾನು ಸುಮ್ಮನಾದೆ.

ಆಮೇಲೆ ತಯಾರಿ ಶುರುವಾಯಿತು. ನಮ್ಮ ಮನೆಯಲ್ಲಿ ಸಾಮಾನು ಕಟ್ಟುತ್ತಿದ್ದವಳು ವಸಂತ. ಮಂಡ್ಯಕ್ಕೆ ಎರಡು ದಿನಕ್ಕೆ ಹೊರಟರೂ ಸೀರೆಯ ಮಡಿಕೆಗಳ ಒಳಗೆ ಹಪ್ಪಳದ ಕಟ್ಟು, ಟವೆಲಿನ ಒಳಗೆ ಉಪ್ಪಿನಕಾಯಿ ಬಾಟಲಿ, ಎಲ್ಲವೂ ಒಂದಕ್ಕೊಂದು ಆತುಕೊಂಡು ಕೂತಿರುತ್ತಿದ್ದವು. ಕಾರ್ಖಾನೆಯಲ್ಲಿ ದೊಡ್ಡ ಪ್ಯಾಕಿಂಗ್ ಕೆಲಸಗಾರ ಎಂದು ಹೆಸರು ಮಾಡಿದ ನಾನು ಮನೆಯಲ್ಲಿ ಚೀಲ ಹೊರುವುದಕ್ಕೆ ಮಾತ್ರ. ಈ ಸಲ ಅಧಿಕಾರ ನನ್ನ ಕೈಗೆ ಬಂತು. ಪೆಟ್ಟಿಗೆ ಕಟ್ಟುವ ರೀತಿಯಲ್ಲೇ ಕಟ್ಟಿದೆ. ಮೂಲೆಗಳಿಗೆ ಥರ್ಮಾಕೋಲ್ ಇಟ್ಟೆ. ಅನುಷಾ ಅದನ್ನು ತೆಗೆದಳು. ನಾಲ್ಕು ಕಡೆ ಬಾಣದ ಗುರುತು ಬರೆದು, ಈ ಭಾಗ ಮೇಲಿರಲಿ ಎಂದು ಇಂಗ್ಲಿಷಿನಲ್ಲಿ ನಮೂದಿಸಿದೆ. "ಅಪ್ಪಾ, ಫ್ರೆಂಡ್ಸ್ ಎಲ್ಲಾ ನೋಡ್ತಾರೆ, ಅಸಿಂಗಮಾ ಇರುತ್ತೆ, ಮಾನ ಹೋಗುತ್ತೆ" ಎಂದು ಸ್ಪಿರಿಟ್ ಹಾಕಿ ಉಜ್ಜಿದಳು. ಪಟ್ಟಿಯ ವಿಷಯದಲ್ಲಿ ಮಾತ್ರ ನಾನು ಬಿಡಲಿಲ್ಲ. ಪಟ್ಟಿಯಿಲ್ಲದ ಪೆಟ್ಟಿಗೆ ನನ್ನ ಕೈಯಿಂದ ಇಷ್ಟು ವರ್ಷದಲ್ಲಿ ಒಂದೂ ಹೊರಟಿಲ್ಲ. ಕ್ರಮಸಂಖ್ಯೆ, ವಿವರ, ಎಣಿಕೆ, ಷರಾ ಎಂದು ನಾಲ್ಕು ಕಲಂ ಎಳೆದು, ಒಳ ಉಡುಪಿನವರೆಗೆ ಎಲ್ಲವನ್ನೂ ಬರೆದೆ. ಕನ್ನಡದಲ್ಲೇ ಬರೆದೆ, ಜರ್ಮನಿಯಲ್ಲಿ ಓದುವವರು ಯಾರಿದ್ದಾರೆ? ಕಾಗದವನ್ನು ನಾಲ್ಕಾಗಿ ಮಡಚಿ ಮೇಜಿನ ಮೇಲಿಟ್ಟೆ.

ಅದೇ ಮೇಜಿನ ಮೇಲೆ ಹಾಗೆಯೇ ಮಡಚಿದ ಇನ್ನೊಂದು ಕಾಗದವೂ ಇತ್ತು. ಪುರೋಹಿತರು ಫೋನಿನಲ್ಲಿ ಹೇಳಿದ ತಿಥಿಯ ಸಾಮಾನುಗಳನ್ನು ನಾನು ಅದೇ ಪ್ಯಾಡಿನಲ್ಲಿ, ಅದೇ ನಾಲ್ಕು ಕಲಂ ಎಳೆದು ಬರೆದುಕೊಂಡಿದ್ದೆ. ಏನೂ ಬಿಟ್ಟುಹೋಗದಿರಲಿ ಎಂದು ಒಂದು ಫೋಟೋ ಕಳಿಸಿ ಎಂದಿದ್ದರು. ಒಂದು ಕಾಗದ ಬಿಡಿಸಿ ಫೋಟೋ ತೆಗೆದು ಕಳಿಸಿದೆ. ಅಷ್ಟರ ಮಟ್ಟಿಗೆ ಕಲಿತಿದ್ದೇನೆ. ಏನು ಕಳಿಸಿದೆ ಎಂದು ನೋಡುವ ಅಭ್ಯಾಸ ಇನ್ನೂ ಆಗಿಲ್ಲ. ಇನ್ನೊಂದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಸೂಟ್‌ಕೇಸಿನ ಮೇಲೆ ಭದ್ರವಾಗಿ ಅಂಟಿಸಿ, ಕೈ ತೊಳೆದುಕೊಂಡು ಕಾಫಿ ಕುಡಿಯಲು ಕೂತೆ.

ಪುರೋಹಿತರ ಫೋನ್ ಬಂತು. "ಗೋವಿಂದಪ್ಪನವರೇ, ನಿಮ್ಮ ಪಟ್ಟಿ ನೋಡಿದೆ. ಉಣ್ಣೆ ಕಾಲುಚೀಲ ಆರು ಜೊತೆ ಅಂತ ಬರೆದಿದ್ದೀರಿ. ದಾನಕ್ಕೋ?"

"ಕಾಲುಚೀಲವೇ?"

"ತುಟಿಗೆ ಹಚ್ಚೋ ವ್ಯಾಸಲೀನೂ ಇದೆ. ನಿಮ್ಮ ಕಡೆ ಪದ್ಧತಿ ಇದ್ರೆ ನಂದೇನೂ ಅಡ್ಡಿಯಿಲ್ಲ. ಮೂರನೇ ಸಾಲು ಓದಿದ ಮೇಲೆ ನಿಮ್ಮನ್ನೇ ಕೇಳಿಬಿಡೋಣ ಅನ್ನಿಸ್ತು."

ಮೂರನೆಯ ಸಾಲು ಒಳ ಉಡುಪಿನದು. ನಾನು ಫೋನ್ ಹಿಡಿದುಕೊಂಡೇ ಹಾಲಿಗೆ ಓಡಿದೆ. ಅನುಷಾ ನೆಲದ ಮೇಲೆ ಕೂತು ಸೂಟ್‌ಕೇಸಿನ ಮೇಲಿನ ಪಟ್ಟಿಯನ್ನು ಬೆರಳಿಟ್ಟು ಓದುತ್ತಿದ್ದಳು. ಶಾಲೆಯಲ್ಲಿ ಅವಳು ಕಲಿತದ್ದು ತಮಿಳು. ಕನ್ನಡ ಅಕ್ಷರಗಳನ್ನು ಭಾನುವಾರಗಳಲ್ಲಿ ವಸಂತ ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಿಸಿದ್ದಳು. ಆಗ ನಾನು, ಈ ಊರಲ್ಲಿ ಇದರಿಂದೇನು ಉಪಯೋಗ ಎಂದು ಕೇಳಿದ್ದೆ.

"ಕ-ರಿ ಎ-ಳ್ಳು. ದ-ರ್ಭೆ. ಬಾಳೆ ಎಲೆ, ಹದಿನೈದು. ಅಪ್ಪಾ, ಇದು ಯಾರ ಲಗೇಜ್?" ಎಂದಳು. ಬೆರಳು ಕೆಳಗೆ ಇಳಿದು ಷರಾ ಕಲಂಗೆ ಬಂತು. ಅಲ್ಲಿ ತಾರೀಕು ಬರೆದಿದ್ದೆ, ಬೆಳಿಗ್ಗೆ ಹತ್ತು ಗಂಟೆ ಎಂದೂ ಬರೆದಿದ್ದೆ. ಅವಳ ಬೆರಳು ನಿಂತಿತು.

"ಮಾಮಿ ಜನವರಿ ಅಂದ್ರಲ್ಲ?"

"ಅದು ಅವರ ಲೆಕ್ಕ ಕಣಮ್ಮ."

"ನಿಂಗೆ ಮುನ್ನಾಡಿಯೇ ತೆರಿಯುಮಾ?" ಕೋಪ ಬಂದರೆ ಅವಳಿಗೆ ತಮಿಳು ಮುಂದೆ ಬರುತ್ತದೆ.

"ಮೊದಲೇ ಗೊತ್ತಿತ್ತು."

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಹೋಗ್ತಿರಲಿಲ್ಲ."

"ಈಗಲೂ ಹೋಗಲ್ಲ. ನಾನಿಲ್ದೆ ಒಬ್ನೇ ಕೂತ್ಕೊಂಡು ಮಾಡ್ಬೇಕು ಅಂತ ಇದ್ಯಾ? ನಾನು ಅಲ್ಲಿ ಬ್ರೆಡ್ ತಿಂತಾ ಫೋಟೋ ಹಾಕ್ತಿರ್ಬೇಕಿತ್ತಾ?" ಎಂದು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಫೋನಿನೊಳಗಿಂದ ಪುರೋಹಿತರು, "ಹಾಗಾದ್ರೆ ಕಾಲುಚೀಲ ಬೇಡ ಅಂತ ಇಟ್ಕೊಳ್ಳಲಾ?" ಎಂದು ಕೇಳುತ್ತಿದ್ದರು.

ಕೂತು ಯೋಚಿಸಿದೆ. ಹೇಳಿದರೆ ಅವಳು ಹೋಗುವುದಿಲ್ಲ ಎಂದದ್ದು ನಿಜವೇ, ಆದರೆ ಅರ್ಧ. ಅವಳು ಹೋಗದೆ ಉಳಿದರೆ ನನಗೆ ಸಂತೋಷವಾಗುತ್ತದೆ ಎಂಬುದು ಉಳಿದರ್ಧ. ಈ ಒಂದು ವರ್ಷದಲ್ಲಿ ನಾನು ಮನೆಗೆ ಬಂದಾಗ ದೀಪ ಉರಿಯುತ್ತಿರುವುದು ಅವಳೊಬ್ಬಳು ಇರುವುದರಿಂದ. ಮಗಳು ಒಂದು ಒಳ್ಳೆಯ ಅವಕಾಶ ಕಳೆದುಕೊಂಡಾಗ ಖುಷಿಪಡುವ ಅಪ್ಪ ನಾನು ಎಂಬುದು ಅವಳಿಗೆ ಗೊತ್ತಾಗುವುದಿರಲಿ, ನನಗೂ ಗೊತ್ತಾಗುವುದು ಬೇಡವಾಗಿತ್ತು. ಹಾಗಾಗಿ ಅವಳನ್ನು ಒಪ್ಪಿಸಲೇಬೇಕು ಎಂದು ತೀರ್ಮಾನಿಸಿ, ಕಾರಣಗಳನ್ನು ಹುಡುಕಿದೆ. ಐದು ಸಿಕ್ಕವು. ಲಾರಿಗೆ ಸಾಮಾನು ಹತ್ತಿಸುವಾಗ ಭಾರದ್ದನ್ನು ಮೊದಲು ಹತ್ತಿಸುವುದು ನಮ್ಮ ಕ್ರಮ. ಅದೇ ಕ್ರಮದಲ್ಲಿ ಜೋಡಿಸಿಕೊಂಡು ಬಾಗಿಲ ಬಳಿ ನಿಂತೆ.

"ಅನು, ನಿಮ್ಮಮ್ಮ ಆಸ್ಪತ್ರೇಲಿದ್ದಾಗ ನಿನ್ನ ಈ ಕಾಲೇಜಿನ ಮಾಹಿತಿ ಪುಸ್ತಕ ತರಿಸ್ಕೊಂಡಿದ್ಲು. ಮಕ್ಕಳು ಹೊರದೇಶಕ್ಕೆ ಹೋದ ಫೋಟೋ ಇದ್ದ ಪುಟಾನ ನರ್ಸಿಗೂ ತೋರ್ಸಿದ್ಲು. ನನ್ ಮಗಳೂ ಹೋಗ್ತಾಳೆ ಅಂದ್ಲು. ನೀನಿನ್ನೂ ಅಲ್ಲಿ ಸೇರೇ ಇರ್ಲಿಲ್ಲ."

ಒಳಗೆ ಅವಳು ಯಾರೊಂದಿಗೋ ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಬಾಗಿಲು ತೆರೆಯಿತು. ಮುಖ ತೊಳೆದುಕೊಂಡಿದ್ದಳು.

"ಸರಿ, ಹೋಗ್ತೀನಿ. ಮಂಡ್ಯದಿಂದ ಸರೋಜತ್ತೆ ಬರ್ತಾರೆ. ನಾನು ವಾಪಸ್ ಬರೋ ತನಕ ಇಲ್ಲೇ ಇರ್ತಾರೆ, ಈಗ್ಲೇ ಮಾತಾಡಿದೆ. ತಿಥಿ ಮುಗೀತು ಅಂತ ನೀನು ಫೋನ್ ಮಾಡೋವರೆಗೂ ನಾನು ಅಲ್ಲಿ ಏನೂ ತಿನ್ನಲ್ಲ." ಸರೋಜ ನನ್ನ ಅಕ್ಕ, ಅವಳಿರುವ ಮನೆಯಲ್ಲಿ ಸುಮ್ಮನಿರುವುದಕ್ಕೆ ಯಾರಿಗೂ ಅವಕಾಶವಿರುವುದಿಲ್ಲ. ನಮ್ಮ ತಿಥಿ ಮುಗಿಯುವ ಹೊತ್ತಿಗೆ ಜರ್ಮನಿಯಲ್ಲಿ ಬೆಳಗಿನ ತಿಂಡಿಯ ಸಮಯವಾದ್ದರಿಂದ ಉಪವಾಸ ಅಷ್ಟೇನೂ ದೊಡ್ಡದಲ್ಲ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

"ಹಾಗಾದ್ರೆ ಒಪ್ಕೊಂಡ್ಯಾ?" ಎಂದೆ.

"ಅದೇ ತಾನೇ ನೀನು ಹೇಳಿದ್ದು?" ಎಂದು ನನ್ನನ್ನು ದಾಟಿಕೊಂಡು ಹಾಲಿಗೆ ಹೋಗಿ, ಸೂಟ್‌ಕೇಸಿನ ಮೇಲಿನ ಕವರನ್ನು ಉಗುರಿನಿಂದ ಕೀಳತೊಡಗಿದಳು. ಅಂಟು ಗಟ್ಟಿಯಾಗಿತ್ತು, ನಾನೂ ಹೋಗಿ ಕೂತೆ.

ನನ್ನ ಬಳಿ ಇನ್ನೂ ನಾಲ್ಕು ಕಾರಣಗಳಿದ್ದವು. ಅವಳು ಎರಡನೆಯದಕ್ಕೂ ಬಗ್ಗುವುದಿಲ್ಲ, ನಾಲ್ಕನೆಯದರ ಹೊತ್ತಿಗೆ ಅಳುತ್ತಾಳೆ, ಐದನೆಯದಕ್ಕೂ ಒಪ್ಪದಿದ್ದರೆ ಹೋಗಲಿ ಬಿಡು, ಏನು ಮಾಡುವುದು ಎಂದುಕೊಂಡಿದ್ದೆ. ಇಷ್ಟು ಬೇಗ ಒಪ್ಪುತ್ತಾಳೆಂದು ಗೊತ್ತಿದ್ದರೆ ಮೊದಲನೆಯದಾಗಿ ಸ್ವಲ್ಪ ಹಗುರವಾದದ್ದನ್ನೇ ಹೇಳುತ್ತಿದ್ದೆ.