ಬಸವರಾಜರ ಕಾರೂ ನನ್ನ ನಿರ್ಮಲ ದೃಷ್ಟಿಯೂ

ಹೊಟ್ಟೆಕಿಚ್ಚಿನ ವಿಷಯದಲ್ಲಿ ನನ್ನ ಬಗ್ಗೆ ನನಗೆ ಬಹಳ ಕಾಲದವರೆಗೆ ಒಳ್ಳೆಯ ಅಭಿಪ್ರಾಯವೇ ಇತ್ತು. ನನಗಿಂತ ನಾಲ್ಕು ವರ್ಷ ಕಿರಿಯನಾದವನು ನನ್ನ ಮೇಲಧಿಕಾರಿಯಾಗಿ ಬಂದಾಗ ನಾನೇ ಮುಂದಾಗಿ ಹಾರ ಹಾಕಿದವನು. ನನ್ನ ತಮ್ಮ ಹಾಸನದಲ್ಲಿ ಎರಡಂತಸ್ತಿನ ಮನೆ ಕಟ್ಟಿಸಿದಾಗ ಗೃಹಪ್ರವೇಶಕ್ಕೆ ಹೋಗಿ, ಹೋಳಿಗೆ ಎರಡು ಸಲ ಹಾಕಿಸಿಕೊಂಡು, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ವಾಪಸ್ಸು ಬಂದವನು. ವಿಶಾಖಪಟ್ಟಣದ ಈ ಕಾರ್ಖಾನೆಯ ಟೌನ್‌ಶಿಪ್ಪಿನಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಅಕ್ಕಪಕ್ಕದ ಕ್ವಾರ್ಟರ್ಸಿನವರು ದೊಡ್ಡ ಫ್ರಿಜ್ಜು ತಂದಿದ್ದಾರೆ, ಎ.ಸಿ. ತಂದಿದ್ದಾರೆ, ಒಳ್ಳೊಳ್ಳೆಯ ಅಳಿಯಂದಿರನ್ನೂ ತಂದಿದ್ದಾರೆ. ಯಾವುದರಿಂದಲೂ ನನ್ನ ಊಟಕ್ಕೆ, ನಿದ್ದೆಗೆ ತೊಂದರೆಯಾಗಿಲ್ಲ. ಹೀಗಾಗಿ ಕಳೆದ ವರ್ಷ ಎದೆಯ ಕೆಳಗೆ ಉರಿ ಶುರುವಾದಾಗ ಅದನ್ನು ಇಲ್ಲಿನ ಪುಂಡಿಸೊಪ್ಪಿನ ಗೋಂಗೂರ ಚಟ್ನಿಯ ತಲೆಗೆ ಕಟ್ಟಿದೆ. ಡಾಕ್ಟರೂ ಹಾಗೇ ಹೇಳಿದರು. ಚಟ್ನಿ ಬಿಟ್ಟೆ, ಉರಿ ಬಿಡಲಿಲ್ಲ. ಅದು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಏರುತ್ತದೆ, ಮಧ್ಯಾಹ್ನ ಒಂದಕ್ಕೆ ಇಳಿಯುತ್ತದೆ ಎಂಬುದನ್ನು ಮೊದಲು ಗಮನಿಸಿದವಳು ನನ್ನ ಹೆಂಡತಿ ಸುಧಾ. ಪಕ್ಕದ ಮನೆಯ ಬಸವರಾಜರ ಕಾರು ನೋಡಲು ಜನ ಬರುವುದೂ ಸರಿಯಾಗಿ ಅದೇ ಹೊತ್ತಿಗೆ ಎಂಬುದನ್ನು ಅವಳು ಗಮನಿಸಿರಲೇಬೇಕು, ಆದರೆ ಆಗ ಬಾಯಿಬಿಟ್ಟು ಹೇಳಲಿಲ್ಲ.

ಆ ಕಾರನ್ನು ಮೊದಲು ಕಂಡವನು ನಾನು. ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆಂದು ನಾನೂ ಬಸವರಾಜರೂ ವಿಜಯವಾಡಕ್ಕೆ ಹೋಗಿ ಗವರ್ನರ್‌ಪೇಟೆಯ ಹೋಟೆಲೊಂದರಲ್ಲಿ ಇಳಿದಿದ್ದೆವು. ಬಸವರಾಜರು ಬಾಗಲಕೋಟೆ ಕಡೆಯವರು, ನಮ್ಮ ಕಾರ್ಖಾನೆಯ ಸ್ಟೋರ್ಸಿನಲ್ಲಿ ಅಧಿಕಾರಿ. ಬಹಳ ಒಳ್ಳೆಯ ಮನುಷ್ಯ. ಆದರೆ ಯಂತ್ರಗಳ ವಿಷಯ ಬಂದರೆ, ಪಾರ್ಟ್ ನಂಬರ್ ಹೇಳಿದರೆ ಗುರುತು ಹಿಡಿದಾರು, ವಸ್ತುವನ್ನೇ ತೋರಿಸಿದರೆ ಹಿಡಿಯಲಾರರು. ನಾನು ಮೆಕ್ಯಾನಿಕಲ್ ಎಂಜಿನಿಯರು ಎಂಬುದನ್ನು ಇಲ್ಲಿ ನೆನಪಿಸಬೇಕು. ಬೆಳಿಗ್ಗೆ ತಿಂಡಿಗೆ ಪೆಸರಟ್ಟು ಹುಡುಕಿಕೊಂಡು ಹೊರಟವರು ಆಟೋಗಳ ಕಾಟ ತಪ್ಪಿಸಿಕೊಳ್ಳಲು ಸಗಟು ಬಟ್ಟೆ ಅಂಗಡಿಯೊಂದರ ಹಿಂದಿನ ಸಂದಿಗೆ ನುಗ್ಗಿದೆವು. ಅಲ್ಲಿ ಬಟ್ಟೆಯ ಮೂಟೆಗಳ ನಡುವೆ, ಅರ್ಧ ಟಾರ್ಪಾಲು ಹೊದ್ದುಕೊಂಡು ಅದು ನಿಂತಿತ್ತು.

ಐವತ್ತರ ದಶಕದ ವಿದೇಶಿ ಕಾರು. ಆದರೆ ಕಂಪನಿಯಿಂದ ಬಂದ ಹಾಗೆ ಇರಲಿಲ್ಲ. ಅದನ್ನು ಮಾರಲು ನೋಡುತ್ತಿದ್ದ ಅಂಗಡಿಯ ಯಜಮಾನರ ತಂದೆ ರಸಿಕರು. ಆ ಕಾಲಕ್ಕೇ ಅದನ್ನು ತಮ್ಮ ಮನಸ್ಸಿಗೆ ಬಂದಂತೆ ತಿದ್ದಿಸಿದ್ದರಂತೆ. ಮೇಲ್ಛಾವಣಿಯನ್ನು ನಾಲ್ಕು ಬೆರಳು ಕುಯ್ದು ತಗ್ಗಿಸಿ, ಹೆಡ್‌ಲೈಟುಗಳ ಮೇಲೆ ಹುಬ್ಬು ಕೂರಿಸಿ, ಹಿಂಭಾಗದಲ್ಲಿ ಮೀನಿನ ಬಾಲದ ಹಾಗೆ ಎರಡು ರೆಕ್ಕೆ ಎಬ್ಬಿಸಿ, ಮೇಲೆ ಕೆನೆಬಣ್ಣ, ಕೆಳಗೆ ನವಿಲುನೀಲಿ ಬಳಿಸಿದ್ದರು. ಬಾಗಿಲಿಗೆ ಹೊರಗಡೆ ಹಿಡಿಯೇ ಇಲ್ಲ. ಎಲ್ಲಿ ಒತ್ತಿದರೆ ತೆರೆಯುತ್ತದೆ ಎಂಬುದು ಮನೆಯವರಿಗೆ ಮಾತ್ರ ಗೊತ್ತು. ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ಮದುವೆಗೆ ಹೆಣ್ಣು ನೋಡಲು ಹೋದಾಗಲೂ ನನ್ನ ಎದೆ ಹಾಗೆ ಹೊಡೆದುಕೊಂಡಿರಲಿಲ್ಲ. ಈ ವಾಕ್ಯವನ್ನು ಸುಧಾ ಓದುವುದಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

"ಹೆಂಗ ಐತ್ರಿ ಸರ ಇದು? ನೀವು ಎಂಜಿನಿಯರು, ನೀವು ಹೇಳ್ಬೇಕು" ಎಂದರು ಬಸವರಾಜರು.

ನಾನು ಬಗ್ಗಿ ಕೆಳಗೆ ನೋಡಿದೆ. ಅಡಿಯ ಚಾಸಿ ಕಲ್ಲಿನಂತೆ ಗಟ್ಟಿಯಾಗಿತ್ತು. ಎದ್ದು ಕೈ ಕೊಡವಿಕೊಂಡು, "ಅಯ್ಯೋ, ಗುಜರಿ ಬಸವರಾಜರೇ. ಅಡಿ ಪೂರ್ತಿ ತುಕ್ಕು ತಿಂದುಹೋಗಿದೆ. ಇಂಥದ್ದನ್ನ ಕೊಳ್ಳೋರಿಗೆ ತಲೆ ಸರಿ ಇರಲ್ಲ" ಎಂದೆ. ಶುದ್ಧ ಸುಳ್ಳು. ಊರಿಗೆ ಹೋಗಿ ಸುಧಾಳನ್ನು ಒಪ್ಪಿಸಿ, ಮುಂದಿನ ತಿಂಗಳು ಸದ್ದಿಲ್ಲದೆ ಒಬ್ಬನೇ ಬಂದು ಕೊಂಡುಕೊಳ್ಳುವುದು ನನ್ನ ಹಂಚಿಕೆಯಾಗಿತ್ತು. ಆದರೆ ನಮ್ಮ ಮನೆಯಲ್ಲಿ ಒಂದು ಮಿಕ್ಸಿ ಬದಲಾಯಿಸುವ ಮಾತು ಎತ್ತಬೇಕಾದರೂ ನನಗೆ ಮೂರು ವಾರ ಪೀಠಿಕೆ ಬೇಕು. ನಾನು ಪೀಠಿಕೆಯ ನಡುವೆ ಇದ್ದಾಗಲೇ ಒಂದು ಲಾರಿ ಟೌನ್‌ಶಿಪ್ಪಿನ ಗೇಟು ದಾಟಿ ಬಂದು ಪಕ್ಕದ ಮನೆಯ ಮುಂದೆ ನಿಂತಿತು. ಮೇಲೆ ಕೆನೆಬಣ್ಣ, ಕೆಳಗೆ ನವಿಲುನೀಲಿ.

"ನೀವು ಬ್ಯಾಡ ಅಂದ್ರಿ ಸರ" ಎಂದರು ಬಸವರಾಜರು, ಸಂಕೋಚದಿಂದ ತಲೆ ಕೆರೆದುಕೊಳ್ಳುತ್ತ. "ಆದ್ರ ಕಣ್ಣ ಮುಚ್ಚಿದ್ರ ಅದ ಕಾಣ್ತಿತ್ತು. ನನ್ನ ತಲಿ ಸರಿ ಇಲ್ಲ ಅಂತ ತಿಳೀರಿ."

ನಾನು ನಗಬೇಕಾಯಿತು. ಅವತ್ತು ರಾತ್ರಿಯಿಂದಲೇ ಉರಿ ಶುರುವಾದದ್ದು.

ಅಲ್ಲಿಂದ ಮುಂದೆ ಟೌನ್‌ಶಿಪ್ಪಿನಲ್ಲಿ ಬೇರೆ ಮಾತೇ ಇಲ್ಲವಾಯಿತು. ತರಕಾರಿಯವನು ಗಾಡಿ ನಿಲ್ಲಿಸಿ ನೋಡಿದ. ನೌಕಾಪಡೆಯ ನಿವೃತ್ತ ಅಧಿಕಾರಿಗಳು ಕುಟುಂಬ ಸಮೇತ ಬಂದು ನೋಡಿದರು. ಭಾನುವಾರವಾದರೆ ಊರೊಳಗಿನ ದ್ವಾರಕಾ ನಗರದ ಕಡೆಯಿಂದ ಹಳೆಯ ಕಾರುಗಳ ಹುಚ್ಚಿನವರ ಒಂದು ತಂಡ, ತಲೆಗೆ ಟೋಪಿ, ಕೈಯಲ್ಲಿ ಪುಟ್ಟ ಟಾರ್ಚು ಹಿಡಿದು ಬರುತ್ತಿತ್ತು. ಅವರಲ್ಲಿ ಎರಡು ಪಂಗಡ. ಕಾರನ್ನು ಹೀಗೆ ಕುಯ್ದು ತಿದ್ದಿದ್ದು ಮಹಾಪಾಪ ಎನ್ನುವವರು ಕೆಲವರು, ಹಾಗೆ ತಿದ್ದಿದ್ದರಿಂದಲೇ ಅದಕ್ಕೆ ಜೀವ ಬಂತು ಎನ್ನುವವರು ಉಳಿದವರು. ಜಗಳವಾಡುತ್ತಲೇ ಎರಡೂ ಪಂಗಡದವರು ಅದರ ಬಂಪರನ್ನು ಮಗುವಿನ ಕೆನ್ನೆ ಸವರುವಂತೆ ಸವರುತ್ತಿದ್ದರು. "ಅಬ್ಬಾ, ಏಮುಂದಿ ಅಂಡೀ!" ಎಂಬ ಉದ್ಗಾರ ನಮ್ಮ ಅಡುಗೆಮನೆಯವರೆಗೆ ಕೇಳಿಸುತ್ತಿತ್ತು. ಅವರು ಬಸವರಾಜರನ್ನು ಕಾರ್ಬುರೇಟರಿನ ಬಗ್ಗೆ ಕೇಳುವರು. ಬಸವರಾಜರು ಎಲ್ಲದಕ್ಕೂ "ಒರಿಜಿನಲ್ ಅಂಡಿ" ಎಂದು ತಪ್ಪು ಉತ್ತರ ಕೊಡುವರು. ಗೋಡೆಯ ಈಚೆ ಸರಿಯಾದ ಉತ್ತರ ಬಾಯಲ್ಲಿಟ್ಟುಕೊಂಡು ನಾನು ಬೀನ್ಸ್ ಹೆಚ್ಚುತ್ತಿದ್ದೆ. ನನ್ನ ಮಗಳು ಮೇಘಾ ಅಂತೂ ಶಾಲೆಯಿಂದ ಬಂದವಳೇ ಬ್ಯಾಗು ಎಸೆದು ಅಲ್ಲಿಗೆ ಓಡುವಳು. "ನಾನ್ನಾ, ಆ ಕಾರು ಎಷ್ಟು ಬಾಗುಂದಿ ಗೊತ್ತಾ? ಮನದು ಯಾಕೆ ಹಂಗಿಲ್ಲ?" ಎಂದು ಅರ್ಧ ತೆಲುಗಿನಲ್ಲಿ ಕೇಳಿದಳು. ನಮ್ಮದು ಅಷ್ಟು ಚೆನ್ನಾಗಿರುವುದೆಲ್ಲಿಂದ? ಹತ್ತು ವರ್ಷದ ಬೂದುಬಣ್ಣದ ಸಣ್ಣ ಕಾರು. ಸುಧಾ ಅದನ್ನು ಡಬ್ಬಿ ಎಂದು ಕರೆಯುತ್ತಾಳೆ.

ನಾನು ಮಾತ್ರ ಆ ಕಡೆ ತಲೆ ಹಾಕಲಿಲ್ಲ. ಗುಜರಿ ಎಂದವನು ಯಾವ ಮುಖ ಹೊತ್ತು ಹೋಗಿ ಮೆಚ್ಚಲಿ? ಹೋಗಿ ನೋಡಿದರೆ ನನ್ನ ಹೊಟ್ಟೆಯಲ್ಲಿರುವುದು ಕಣ್ಣಿಗೆ ಬಂದೀತೆಂಬ ಹೆದರಿಕೆ ಬೇರೆ. ಅವರ ಗೇಟಿನ ಮುಂದೆ ಹಾಯುವಾಗ ಫೋನನ್ನು ಕಿವಿಗಿಟ್ಟುಕೊಂಡು ಎದುರು ದಿಕ್ಕಿನ ಬೇವಿನ ಮರ ನೋಡುತ್ತಿದ್ದೆ. ಬಿಸಿಲಿಲ್ಲದಿದ್ದರೂ ಕೊಡೆ ಅಡ್ಡ ಹಿಡಿಯುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಆ ಕಾರು ಬೇಕಿತ್ತು. ಸ್ವಂತಕ್ಕೆ ಸಿಗದಿದ್ದರೆ ಹೋಗಲಿ, ಒಂದೇ ಒಂದು ಸಲ ಪಕ್ಕದ ಸೀಟಿನಲ್ಲಿ ಕೂತು ಸಮುದ್ರದ ದಂಡೆಯವರೆಗೆ ಹೋಗಿ ಬಂದರೂ ಸಾಕಿತ್ತು. ಕೇಳಲು ನಾಲಿಗೆ ಬರಲಿಲ್ಲ. ಬಸವರಾಜರ ಶೆಡ್ಡು ನಮ್ಮ ಬಚ್ಚಲಮನೆಯ ಎತ್ತರದ ಗಾಳಿಕಿಂಡಿಗೆ ನೇರ ಎದುರು ಬರುತ್ತದೆ. ಬಕೆಟ್ಟು ಬೋರಲು ಹಾಕಿ ಮೇಲೆ ನಿಂತರೆ ಇಡೀ ಕಾರು ಕಾಣುತ್ತದೆ. ಇದನ್ನು ನಾನು ಎರಡನೆಯ ದಿನವೇ ಕಂಡುಹಿಡಿದೆ. ಇತ್ತೀಚೆಗೆ ನನ್ನ ಸ್ನಾನ ನಲವತ್ತು ನಿಮಿಷಕ್ಕೆ ಏರಿದೆ ಎಂದು ಸುಧಾ ಎರಡು ಸಲ ಬಾಗಿಲು ತಟ್ಟಿದ್ದಳು.

ಒಂದು ಶನಿವಾರ ಬಸವರಾಜರ ಮನೆಯವರು ವಾಹನ ಪೂಜೆಗೆಂದು ಸಿಂಹಾಚಲಂಗೆ ಹೊರಟರು. ನಮ್ಮನ್ನೂ ಕರೆದರು, ನನಗೆ ಡ್ಯೂಟಿ ಇದೆ ಎಂದೆ. ಕಾರು ಬೆಟ್ಟದ ಬುಡದಲ್ಲಿ ಕೆಮ್ಮಿ, ಹೊಗೆ ಬಿಟ್ಟು, ನಿಂತೇಹೋಯಿತು ಎಂಬ ಸುದ್ದಿ ಮಧ್ಯಾಹ್ನ ಬಂದಾಗ ನನಗೆ ಆದ ಸಂತೋಷವನ್ನು ಬರೆಯಲು ನಾಚಿಕೆಯಾಗುತ್ತದೆ. ತಿಂಗಳ ಮೇಲೆ ಮೊದಲ ಸಲ ಗೋಂಗೂರ ಚಟ್ನಿ ಕೇಳಿ ಹಾಕಿಸಿಕೊಂಡು ತಿಂದೆ. ಆದರೆ ಅದೂ ಪೂರ್ತಿ ದಕ್ಕಲಿಲ್ಲ. ಡಬ್ಬಿ ರಸ್ತೆಯಲ್ಲಿ ನಿಂತರೆ ಹಿಂದಿನವರು ಹಾರ್ನ್ ಹೊಡೆದು ಬೈಯುತ್ತಾರೆ. ಬಸವರಾಜರ ಕಾರು ನಿಂತದ್ದಕ್ಕೆ ಯಾತ್ರಿಕರೆಲ್ಲ ಇಳಿದು ಸಾಲಾಗಿ ಫೋಟೋ ತೆಗೆಸಿಕೊಂಡರಂತೆ. ತಳ್ಳಲು ಹನ್ನೆರಡು ಜನ ತಾವಾಗಿ ಬಂದರಂತೆ. ಕೊನೆಗೆ ಲಾರಿಯ ಮೇಲೆ ಮನೆಗೆ ತಂದರು. ಒಂದು ವಾರ ಅದು ಶೆಡ್ಡಿನಲ್ಲಿ ಸುಮ್ಮನೆ ನಿಂತಿತ್ತು. ಕಿಂಡಿಯಿಂದ ನೋಡಿದರೆ ಬಸವರಾಜರು ಅದರ ಪಕ್ಕ ಸ್ಟೂಲು ಹಾಕಿಕೊಂಡು ಕೆನ್ನೆಗೆ ಕೈಹೊತ್ತು ಕೂತಿರುತ್ತಿದ್ದರು. ಆಗ ನನಗೆ ಒಂದು ಸಣ್ಣ ಭಯ ಶುರುವಾಯಿತು. ಎಂಜಿನಿಯರು ಇಂಥದ್ದನ್ನೆಲ್ಲ ನಂಬಬಾರದು. ಆದರೂ ದಿನಾ ನಲವತ್ತು ನಿಮಿಷ ಅಷ್ಟು ಉರಿಯುವ ಕಣ್ಣಿಂದ ನೋಡಿದವನು ನಾನೇ ತಾನೇ?

ಮುಂದಿನ ಭಾನುವಾರ ಬೆಳಿಗ್ಗೆ ಬಸವರಾಜರ ತಾಯಿ ಗಂಗವ್ವನವರು ನಮ್ಮ ಮನೆಗೇ ಬಂದರು. ಎಂಬತ್ತರ ಹತ್ತಿರದ ಜೀವ, ಗಟ್ಟಿ ದನಿ. ನನ್ನನ್ನು ಎದುರಿಗೆ ಕೂರಿಸಿಕೊಂಡು ಕಣ್ಣಲ್ಲಿ ಕಣ್ಣಿಟ್ಟು ನೋಡಿದರು.

"ತಮ್ಮಾ, ಗಾಡಿಗೆ ನೆದರ ಆಗೇತಿ" ಎಂದರು.

ನನ್ನ ಕಣ್ಣು ತಾನಾಗಿ ಬೇವಿನ ಮರ ಹುಡುಕಿತು. ನೆದರು ಎಂದರೆ ಕೆಟ್ಟ ಕಣ್ಣು ಎಂಬುದು ಅವರ ನೆರೆಯಲ್ಲಿದ್ದು ಕಲಿತ ಮಾತು. ಬಾಗಿಲ ಹತ್ತಿರ ನಿಂತಿದ್ದ ಸುಧಾ ನನ್ನ ಕಡೆಯೇ ನೋಡುತ್ತಿದ್ದಳು.

"ಊರ ಮಂದಿಯೆಲ್ಲಾ ಬಾಯಿ ಬಿಟ್ಕೊಂಡು ನೋಡ್ಯಾರ. ಯಾರ ಕಣ್ಣು ಅಂತ ಹೇಳೂಣು? ಕುಂಬಳಕಾಯಿ ನಿವಾಳಿಸಿ ಒಡೀಬೇಕು. ಆದ್ರ ಆಸಿ ಇದ್ದವರ ಕೈಯಾಗ ನಿವಾಳಿಸಿದ್ರ ಹೋಗೂದಿಲ್ಲ. ನಾನು ಕುಂತು ಲೆಕ್ಕಾ ಹಾಕಿದೆ. ಇಡೀ ಕಾಲನ್ಯಾಗ ಆ ಗಾಡೀನ ಒಂದ ದಿನಾ ಕಣ್ಣೆತ್ತಿ ನೋಡಲಾರದವ್ರು ನೀವೊಬ್ಬರ. ಗೇಟಿನ ಮುಂದ ಹೋಗೂ ಮುಂದೂ ಗಿಡಾ ನೋಡ್ಕೊಂತ ಹೋಗ್ತೀರಿ. ಅಂಥಾ ಕಣ್ಣು ಎಲ್ಲಿ ಸಿಗ್ತಾವು? ನೀವ ಬಂದು ಒಡೀಬೇಕು."

ಸುಧಾಳಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು, ಒಳಗೆ ಹೋದಳು. ನನಗೆ ಮಂತ್ರ ಬರುವುದಿಲ್ಲ ಎಂದೆ. ಬಸವರಾಜರೂ ಬಂದು, "ಹೌದ್ರಿ ಸರ, ನಿಮಗ ಮೊದ್ಲಿಂದ್ಲೂ ಇದ್ರ ಮ್ಯಾಲ ಮನಸ್ಸಿಲ್ಲ. ಗವರ್ನರ್‌ಪ್ಯಾಟ್ಯಾಗ ನೀವು ಗುಜರಿ ಅಂದದ್ದು ನಮ್ಮವ್ವಗ ಹೇಳೀನಿ" ಎಂದು ಕೈ ಹಿಡಿದರು. ಆಗಲೇ ಸತ್ಯ ಹೇಳಿಬಿಡಬಹುದಿತ್ತು. ಹೇಳಲಿಲ್ಲ.

ಪಂಚೆಯುಟ್ಟು ಹೋದೆ. ಟೋಪಿಯವರ ತಂಡ, ನೌಕಾಪಡೆಯವರು, ತರಕಾರಿಯವನು ಎಲ್ಲರೂ ಸುತ್ತ ನಿಂತಿದ್ದರು. ಕರ್ಪೂರ ಹಚ್ಚಿದ ಬೂದುಗುಂಬಳವನ್ನು ಎರಡು ಕೈಯಲ್ಲಿ ಹಿಡಿದು ನಾನು ಕಾರಿನ ಸುತ್ತ ಮೂರು ಸುತ್ತು ಬಂದೆ. ಗವರ್ನರ್‌ಪೇಟೆಯ ಆ ಬೆಳಗಿನ ನಂತರ ಅಷ್ಟು ಹತ್ತಿರದಿಂದ ಅದನ್ನು ನೋಡಿದ್ದು ಆಗಲೇ. ಮೊದಲ ಸುತ್ತಿನಲ್ಲಿ ಬಾಲದ ರೆಕ್ಕೆ ನನ್ನ ಪಂಚೆಗೆ ತಾಗಿತು. ಎರಡನೆಯ ಸುತ್ತಿನಲ್ಲಿ, ಹಿಡಿಯಿಲ್ಲದ ಬಾಗಿಲು ಎಲ್ಲಿ ತೆರೆಯುತ್ತದೆ ಎಂಬುದು ಗೊತ್ತಾಯಿತು. ಅಲ್ಲಿ ಬಣ್ಣ ಬೆರಳಿನಗಲ ಸವೆದಿತ್ತು. ಮೂರನೆಯ ಸುತ್ತನ್ನು ಎಷ್ಟು ನಿಧಾನ ಮಾಡಿದೆನೆಂದರೆ, "ಎಷ್ಟು ಭಕ್ತಿ ನೋಡಿ" ಎಂದು ಯಾರೋ ತೆಲುಗಿನಲ್ಲಿ ಪಿಸುಗುಟ್ಟಿದರು. ನನಗೆ ಅಳು ಬರುವಂತಾಯಿತು. ಕುಂಬಳಕಾಯಿಯನ್ನು ಎತ್ತಿ ನೆಲಕ್ಕಪ್ಪಳಿಸುವಾಗ ನನ್ನ ಹೊಟ್ಟೆಯಲ್ಲಿದ್ದ ಅಷ್ಟೂ ಸಂಕಟವನ್ನು ಕೈಗೆ ತಂದುಕೊಂಡಿದ್ದೆ. ಚೂರುಗಳು ಗೇಟಿನವರೆಗೆ ಹಾರಿದವು. ಬಸವರಾಜರು ಕೀಲಿ ತಿರುಗಿಸಿದರು. ಕಾರು ಒಂದೇ ಸಲಕ್ಕೆ ಶುರುವಾಯಿತು. ಹಿಂದಿನ ದಿನ ಮೆಕ್ಯಾನಿಕ್ಕು ಬಂದು ಪೆಟ್ರೋಲ್ ಪೈಪಿನ ಕಸ ತೆಗೆದು ಹೋಗಿದ್ದನ್ನು ನಾನು ಬಕೆಟ್ಟಿನ ಮೇಲಿಂದ ನೋಡಿದ್ದೆ. ಆದರೆ ಹಾಗೆಂದು ಹೇಳುವಂತಿರಲಿಲ್ಲವಲ್ಲ.

ಆ ದಿನದಿಂದ ನಾನು ಟೌನ್‌ಶಿಪ್ಪಿನಲ್ಲಿ ಆಸೆ ಗೆದ್ದ ಮನುಷ್ಯ. ಇಬ್ಬರು ಹೊಸ ಸ್ಕೂಟರಿಗೂ ಒಬ್ಬರು ಫ್ಲ್ಯಾಟಿಗೂ ನನ್ನಿಂದ ಕುಂಬಳಕಾಯಿ ಒಡೆಸಿದರು. ಇದೆಲ್ಲ ಒಳ್ಳೆಯದಕ್ಕೇ ಎಂದುಕೊಂಡೆ, ಏಕೆಂದರೆ ವಿಜಯವಾಡದಲ್ಲಿ ಹಳೆಯ ಕಾರುಗಳ ಪ್ರದರ್ಶನವೊಂದಕ್ಕೆ ಬಸವರಾಜರು ಹೊರಟಿದ್ದರು. ಅವರ ಹೆಂಡತಿ ತವರಿಗೆ ಹೋಗಿದ್ದರಿಂದ ಕಾರಿನಲ್ಲಿ ಜಾಗವಿತ್ತು. "ನೀವೂ ಎಲ್ಲಾರೂ ಬರ್ರಿ ಸರ" ಎಂದರು. ನಾನು ಕ್ಷಣವೂ ತಡಮಾಡದೆ ಒಪ್ಪಿದೆ. ಬಿಳಿ ಷರಟು ಇಸ್ತ್ರಿ ಮಾಡಿಸಿದೆ. ತಂಪು ಕನ್ನಡಕ ಕೊಂಡೆ. ಹೊರಡುವ ದಿನ ಬೆಳಿಗ್ಗೆ ಚೀಲ ಹಿಡಿದು ಹೋಗಿ, ಸವೆದ ಜಾಗದಲ್ಲಿ ಬೆರಳಿಡಬೇಕು, ಅಷ್ಟರಲ್ಲಿ ಗಂಗವ್ವನವರು ಮೆಟ್ಟಿಲ ಮೇಲಿಂದ ಕೂಗಿದರು.

"ತಮ್ಮಾ, ನೀವು ಬ್ಯಾಡ! ಒಮ್ಮೆ ಕುಂತ್ರ ಆಸಿ ಹುಟ್ಟತೈತಿ. ನಿಮ್ಮ ಕಣ್ಣು ಹೆಂಗೈತಿ ಹಂಗ ಇರ್ಲಿ. ನಾಳೆ ಮತ್ತ ನೆದರ ಆದ್ರ ಯಾರನ್ನ ಕರೀಲಿ ನಾನು?"

"ಅದೂ ಖರೇನ" ಎಂದರು ಬಸವರಾಜರು, ಯೋಚಿಸಿ. "ನಮ್ಮ ಶೆಡ್ಡ ಖಾಲಿ ಇರತೈತ್ರಿ ಸರ. ನಿಮ್ಮ ಗಾಡಿ ನೆಳ್ಳಾಗ ನಿಲ್ಲಸ್ರಿ."

ಸುಧಾ ಮುಂದಿನ ಸೀಟಿನಲ್ಲಿ ಕೂತಳು. ಮೇಘಾ ಹಿಂದೆ. ನನ್ನ ತಂಪು ಕನ್ನಡಕ ಮೇಘಾಳ ಮೂಗಿನ ಮೇಲಿತ್ತು. ಕಾರು ಹೊರಡುವ ಮುಂಚೆ ಸುಧಾ ಕಿಟಕಿಯಿಂದ ತಲೆ ಹಾಕಿ ಮೆಲ್ಲಗೆ ಹೇಳಿದಳು: "ರೀ, ಆ ಬಕೆಟ್ಟು ತಳ ಸೀಳಿದೆ. ಇನ್ನು ಮೇಲೆ ಅಡುಗೆಮನೆ ಸ್ಟೂಲ್ ತಗೊಳ್ಳಿ." ಗಂಗವ್ವನವರು ಮೆಟ್ಟಿಲ ಮೇಲಿಂದ ನನ್ನನ್ನೇ ನೋಡುತ್ತಿದ್ದುದರಿಂದ ನಾನು ಬೇವಿನ ಮರದ ಕಡೆ ಮುಖ ಮಾಡಿ ನಿಂತೆ. ನನ್ನ ಹೆಂಡತಿಯನ್ನೂ ಮಗಳನ್ನೂ ಕೂರಿಸಿಕೊಂಡು ಆ ಕಾರು ಹೋದದ್ದನ್ನು ನಾನು ಕಿವಿಯಲ್ಲಷ್ಟೇ ಕೇಳಿದೆ.

ಮಾಡಲು ಬೇರೆ ಕೆಲಸವಿರಲಿಲ್ಲ. ಡಬ್ಬಿಯನ್ನು ತಂದು ಬಸವರಾಜರ ಶೆಡ್ಡಿನಲ್ಲಿ ನಿಲ್ಲಿಸಿದೆ. ಮನೆಗೆ ಬಂದು, ಅಭ್ಯಾಸಬಲದಿಂದ ಬಚ್ಚಲಿಗೆ ಹೋಗಿ, ಸ್ಟೂಲು ಹತ್ತಿ ಕಿಂಡಿಯಲ್ಲಿ ನೋಡಿದೆ. ಆಶ್ಚರ್ಯವಾಯಿತು. ಬೇರೆಯವರ ಶೆಡ್ಡಿನಲ್ಲಿ ನಿಂತ ನಮ್ಮ ಕಾರು ಅಷ್ಟೇನೂ ಕೆಟ್ಟದಾಗಿ ಕಾಣಿಸಲಿಲ್ಲ. ಬೂದುಬಣ್ಣದಲ್ಲೂ ಒಂದು ಗಾಂಭೀರ್ಯವಿತ್ತು. ಯಾರೋ ಪುಣ್ಯವಂತರ ಕಾರು ಎಂದು ಒಂದು ಕ್ಷಣ ಅದರ ಮಾಲೀಕನ ಮೇಲೆ ನನಗೇ ಹೊಟ್ಟೆಕಿಚ್ಚಾಯಿತು. ಅಷ್ಟರಲ್ಲಿ ಗಂಗವ್ವನವರು ಹೊರಗೆ ಬಂದರು. ಅದರ ಸುತ್ತ ಒಂದು ಸುತ್ತು ಹಾಕಿದರು. ಬಾನೆಟ್ಟಿನ ಮೇಲೆ ಕೈಯಾಡಿಸಿ ನೋಡಿದರು. ನನ್ನ ಎದೆ ಹೊಡೆದುಕೊಳ್ಳತೊಡಗಿತು. ಮುದುಕಿ ತಲೆದೂಗಿ ಒಳಗೆ ಹೋಗಿ, ಒಂದು ಹಳೆಯ ಪಂಚೆ ತಂದು ಬಾನೆಟ್ಟಿನ ಮೇಲೆ ಹರಡಿ, ಶೆಡ್ಡಿನೊಳಗೆ ಬಿಸಿಲು ಬೀಳುವ ಕಡೆಗೆ ಅದನ್ನು ಸರಿಸಿ, ಅದರ ಮೇಲೆ ಸಂಡಿಗೆ ಇಡಲು ಶುರುಮಾಡಿದರು.